ಹೃದಯದ ನಡೆಯನ್ನು ಕಂಡ ವಿಲಿಯಂ ಹಾರ್ವೆ

ಓಡಿ ಬಂದು ನಿಂತಾಗ ಎದೆಯು ಡವಡವನೆ ಬಡಿದುಕೊಳ್ಳುವುದನ್ನು ನಾವೆಲ್ಲರೂ ಬಲ್ಲೆವು. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ನಾಡಿಯೂ ಅದೇ ತಾಳದಲ್ಲಿ ಮಿಡಿಯುತ್ತಿರುತ್ತದೆ. ಆ ಬಡಿತಕ್ಕೂ ಈ ಮಿಡಿತಕ್ಕೂ ಇರುವ ನಂಟನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟವನು ವಿಲಿಯಂ ಹಾರ್ವೆ.

ಹಾರ್ವೆಯು ೧೫೭೮ನೆಯ ಇಸವಿ ಏಪ್ರಿಲ್ ೧ರಂದು ಇಂಗ್ಲೆಂಡಿನ ಕಡಲತೀರದ ಊರಾದ ಫೋಕ್‌ಸ್ಟನ್ನಿನಲ್ಲಿ ಜನಿಸಿದನು. ಕ್ಯಾಂಟರ್ಬರಿಯಲ್ಲಿಯೂ ಕೇಂಬ್ರಿಜ್‌ನಲ್ಲಿಯೂ ಓದಿ, ವೈದ್ಯವಿದ್ಯೆಗಾಗಿ ಇಟಲಿಯ ಪಾದುವ ನಗರಕ್ಕೆ ತೆರಳಿದನು. ಗೆಲಿಲಿಯೋ ಅಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಕಾಲವದು. ಹಾರ್ವೆಯ ಗುರುವಾದ ಫ್ಯಾಬ್ರಿಷಿಯಸ್ಸನು ರಕ್ತನಾಳಗಳೊಳಗೆ ಪುಟ್ಟ ಪುಟ್ಟ ಕವಾಟಗಳಿರುವುದನ್ನು ಕಂಡುಕೊಂಡಿದ್ದನು. ಅವು ಏತಕ್ಕಾಗಿ ಇವೆಯೆಂಬುದು ಮಾತ್ರ ಆ ಗುರುವಿಗೂ ಸರಿಯಾಗಿ ಹೊಳೆದಿರಲಿಲ್ಲ. ೧೬೦೨ರಲ್ಲಿ ವೈದ್ಯ ಪದವಿ ಪಡೆದು ಹಾರ್ವೆಯು ಲಂಡನ್ನಿಗೆ ಬಂದನು. ೧೬೦೯ರಲ್ಲಿ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯನಾದನು. ಮುಂದೆ ರಾಜವೈದ್ಯನೂ ಆದನು.

ಆ ಕಾಲದ ವೈದ್ಯರಿಗೆ ಸಾವಿರದ ನಾನೂರು ವರ್ಷಗಳ ಹಿಂದಿನ ಗ್ಯಾಲನ್ ಪಂಡಿತನ ಮಾತೇ ವೇದವಾಗಿತ್ತು. ಉಂಡ ಅನ್ನವು ಯಕೃತ್ತಿನಲ್ಲಿ ರಕ್ತವಾಗುತ್ತದೆ, ಆ ರಕ್ತವು ಗದ್ದೆಗೆ ಹಾಯಿಸಿದ ನೀರಿನಂತೆ ಅಂಗಾಂಗಗಳಲ್ಲಿ ಇಂಗಿ ಮುಗಿದುಹೋಗುತ್ತದೆ ಎಂದು ಅವರು ನಂಬಿದ್ದರು. ರಕ್ತವು ಪುಪ್ಪುಸಗಳ ಮೂಲಕ ಹಾದುಹೋಗುವುದನ್ನು ಅರಬ್ಬೀ ವೈದ್ಯ ಇಬ್ನ್ ಅಲ್ ನಫೀಸನು ಹದಿಮೂರನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದನು. ಆದರೆ ಇಡೀ ದೇಹದಲ್ಲಿ ರಕ್ತದ ನಡೆ ಹೇಗೆಂಬುದು ಇನ್ನೂ ಒಗಟಾಗಿಯೇ ಉಳಿದಿತ್ತು.

ಹಾರ್ವೆಯು ಜೀವಂತ ಪ್ರಾಣಿಗಳ ಹೃದಯವನ್ನು ಕಣ್ಣಾರೆ ನೋಡತೊಡಗಿದನು. ಅದು ಕಣ್ಣೆವೆಯಿಕ್ಕುವಷ್ಟರಲ್ಲಿ ಹಿಗ್ಗಿ ಕುಗ್ಗಿಬಿಡುತ್ತಿತ್ತು. ಇದರ ಮರ್ಮವನ್ನು ದೇವರೊಬ್ಬನೇ ಬಲ್ಲನೆಂದು ಮೊದಮೊದಲು ಆತನಿಗೂ ಅನಿಸಿತ್ತಂತೆ. ಬಳಿಕ ಹೃದಯವು ನಿಧಾನವಾಗಿ ಬಡಿಯುವ ಕಪ್ಪೆ, ಹಾವು, ಮೀನುಗಳತ್ತ ತಿರುಗಿದನು. ಹಾವಿನಲ್ಲಿ ಹೃದಯದೊಳಕ್ಕೆ ರಕ್ತವನ್ನು ತರುವ ಅಭಿಧಮನಿಯನ್ನು ಚಿವುಟಿ ಹಿಡಿದರೆ ಹೃದಯವು ಬಿಳಿಚಿಕೊಂಡು ಕುಗ್ಗುತ್ತಿತ್ತು. ಹೊರಕ್ಕೊಯ್ಯುವ ಅಪಧಮನಿಯನ್ನು ಹಿಡಿದರೆ ಕಪ್ಪೇರಿ ಊದಿಕೊಳ್ಳುತ್ತಿತ್ತು. ಅರಿವಳಿಕೆಯ ಔಷಧವಿಲ್ಲದ ಕಾಲದ ಈ ಪ್ರಯೋಗಗಳನ್ನು ಓದುವಾಗ ಮನಸ್ಸು ಮರುಗದೆ ಇರದು. ಆದರೂ ಹೃದಯವು ರಕ್ತವನ್ನು ಒತ್ತಿ ನೂಕುವ ಸ್ನಾಯುವೆಂಬುದು ಗೊತ್ತಾದದ್ದು ಇವುಗಳಿಂದಲೇ.

ಎಲ್ಲಕ್ಕಿಂತ ಸೊಗಸಾದುದು ಆತನು ಹಾಕಿದ ಲೆಕ್ಕ. ಸತ್ತವನೊಬ್ಬನ ಹೃದಯದ ಎಡಭಾಗದಲ್ಲಿ ಎರಡು ಔನ್ಸಿಗೂ ಮಿಕ್ಕಿ ರಕ್ತವಿದ್ದುದನ್ನು ಹಾರ್ವೆಯು ಕಂಡಿದ್ದನು. ಒಂದೊಂದು ಬಡಿತಕ್ಕೆ ಅದರಲ್ಲಿ ಅತ್ಯಲ್ಪ ಭಾಗವೇ ಹೊರಬೀಳುವುದೆಂದು ಇಟ್ಟುಕೊಂಡರೂ, ಅರ್ಧ ಗಂಟೆಯಲ್ಲಿ ಸಾವಿರಕ್ಕೂ ಮೇಲ್ಪಟ್ಟ ಬಡಿತಗಳಿಂದ ದೇಹದಲ್ಲಿರುವುದಕ್ಕಿಂತ ಹೆಚ್ಚು ರಕ್ತವು ಹೊರಟಂತಾಗುತ್ತದೆ. ಅಷ್ಟೊಂದು ರಕ್ತವನ್ನು ಯಾವ ಊಟವು ಕೊಟ್ಟೀತು? ಹೋದ ರಕ್ತವೇ ಸುತ್ತಿ ಬರುತ್ತಿರಬೇಕು. ಆತನ ಅಂದಾಜು ಬಹು ಕಡಮೆಯದು. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು ೫ ಲೀಟರು ರಕ್ತವನ್ನು ನೂಕುತ್ತದೆಂದು ಈಗ ತಿಳಿದಿದೆ. ಆದರೆ ಲೆಕ್ಕ ತಪ್ಪಿದರೂ ತೀರ್ಮಾನ ತಪ್ಪಲಿಲ್ಲ.

ಗುರುವಿನ ಕವಾಟಗಳ ಅರ್ಥವೂ ಈಗ ಬಿಡಿಸಿತು. ತೋಳಿಗೆ ಪಟ್ಟಿ ಕಟ್ಟಿದಾಗ ಉಬ್ಬುವ ಅಭಿಧಮನಿಯೊಂದನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅದರ ರಕ್ತವನ್ನು ಮೇಲಕ್ಕೆ ಸವರಿದರೆ ನಾಳವು ಬರಿದಾಗುತ್ತದೆ. ಮೇಲಿನ ರಕ್ತವು ಕೆಳಗಿಳಿಯದು. ಕೆಳಗಿನ ಬೆರಳನ್ನೆತ್ತಿದರೆ ಮಾತ್ರ ಅದು ಮತ್ತೆ ತುಂಬುತ್ತದೆ. ಹೃದಯದತ್ತ ನಡೆದ ರಕ್ತವು ಹಿಂದಿರುಗದಂತೆ ಕವಾಟಗಳು ಕಾವಲಿರುತ್ತವೆ.

ಇಷ್ಟನ್ನೆಲ್ಲ ಹಾರ್ವೆಯು ೭೨ ಪುಟಗಳ ಲ್ಯಾಟಿನ್ ಪುಸ್ತಕವಾಗಿ ೧೬೨೮ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಅಚ್ಚು ಹಾಕಿಸಿದನು. ಆತನ ಕೈಬರಹವು ಬಹಳ ಕೆಟ್ಟದ್ದು. ಪುಸ್ತಕದ ತುಂಬ ಅಚ್ಚಿನ ತಪ್ಪುಗಳು. ಜನರು ಆತನನ್ನು ತಲೆಕೆಟ್ಟವನೆಂದರು. ರೋಗಿಗಳು ಆತನ ಬಳಿಗೆ ಬರುವುದು ಕಡಮೆಯಾಯಿತು. ಪ್ಯಾರಿಸಿನ ಹಿರಿಯ ಪಂಡಿತ ರಿಯೋಲಾನನು ಗ್ಯಾಲನ್ನನ ಪಕ್ಷವನ್ನು ಹಿಡಿದು ವಾದಿಸಿದನು.

ಐರ್ಲೆಂಡಿನ ಸರದಾರನೊಬ್ಬನ ಮಗನಿಗೆ ಬಾಲ್ಯದಲ್ಲಿ ಬಿದ್ದು ಎದೆಗೆ ಪೆಟ್ಟಾಗಿ, ಹುಣ್ಣು ಮಾಯ್ದ ಮೇಲೂ ಎಡಭಾಗದಲ್ಲಿ ರಂಧ್ರವೊಂದು ಉಳಿದುಕೊಂಡಿತ್ತು. ಹಾರ್ವೆಯು ಅದರಲ್ಲಿ ಬೆರಳಿಟ್ಟು ಹೃದಯದ ಬಡಿತವನ್ನು ಮುಟ್ಟಿ ನೋಡಿದನು. ಆ ತರುಣನನ್ನು ಚಾರ್ಲ್ಸ್ ದೊರೆಯ ಬಳಿಗೆ ಕರೆದೊಯ್ದನು. ದೊರೆಯೂ ಮುಟ್ಟಿದನು. ತರುಣನಿಗೆ ನೋವೇ ಆಗಲಿಲ್ಲ.

ಆ ದೊರೆಗೂ ಪಾರ್ಲಿಮೆಂಟಿಗೂ ೧೬೪೨ರಲ್ಲಿ ಯುದ್ಧವು ಹತ್ತಿಕೊಂಡಿತು. ಎಜ್‌ಹಿಲ್ ಕಾಳಗದ ದಿನ ರಾಜಕುಮಾರರನ್ನು ಕಾಯುವ ಕೆಲಸ ಹಾರ್ವೆಯದಾಗಿತ್ತು. ಬೇಲಿಯ ಮರೆಯಲ್ಲಿ ಕುಳಿತು ಪುಸ್ತಕ ಓದುತ್ತಿದ್ದಾಗ ಫಿರಂಗಿಯ ಗುಂಡೊಂದು ಸಮೀಪದಲ್ಲಿಯೇ ಬೀಳಲು, ಆತನು ಅಲ್ಲಿಂದ ಎದ್ದುಹೋದನೆಂದು ಪರಿಚಿತನೊಬ್ಬನು ಬರೆದಿಟ್ಟಿದ್ದಾನೆ. ಲಂಡನ್ನಿನ ಮನೆಗೆ ನುಗ್ಗಿದ ಸೈನಿಕರು ಆತನ ಕಾಗದಪತ್ರಗಳನ್ನೆಲ್ಲ ಹಾಳುಮಾಡಿದರು. ಹಲವು ವರ್ಷಗಳ ಶ್ರಮದಿಂದ ಕೀಟಗಳ ವಿಷಯವಾಗಿ ಬರೆದುದೂ ಹೋಯಿತು. ಉಳಿದೆಲ್ಲ ನಷ್ಟಕ್ಕಿಂತ ಅದೇ ಆತನನ್ನು ಕೊನೆಯವರೆಗೆ ಕೊರೆಯಿತು.

ರಿಯೋಲಾನನಿಗೆ ಉತ್ತರವನ್ನು ಬರೆದದ್ದು ೧೬೪೯ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ. ಅದರಲ್ಲಿ ಇಬ್ಬರು ರೋಗಿಗಳ ಸಂಗತಿಯಿದೆ. ಒಬ್ಬನಿಗೆ ರಾತ್ರಿಯ ಹೊತ್ತು ಎದೆ ಬಿಗಿದು ಉಸಿರು ಕಟ್ಟುತ್ತಿತ್ತು. ಸತ್ತ ಮೇಲೆ ನೋಡಿದರೆ ಹೃದಯದ ಎಡಗೋಡೆಯು ಬೆರಳು ತೂರುವಷ್ಟು ಹರಿದಿತ್ತು. ಇನ್ನೊಬ್ಬನು ಅವಮಾನವನ್ನು ಯಾರೊಡನೆಯೂ ಹೇಳದೆ ನುಂಗಿಕೊಂಡು ಕೊರಗಿದವನು. ಅವನ ಹೃದಯವು ಎತ್ತಿನ ಹೃದಯದಷ್ಟು ದೊಡ್ಡದಾಗಿತ್ತು. ರಕ್ತದ ಹಾದಿಗೆ ಏನೋ ಅಡ್ಡಿಯಾಗಿರಬೇಕೆಂದು ಹಾರ್ವೆಯು ಊಹಿಸಿದನು. ಅದನ್ನು ತಡೆಯುವ ಬಗೆ ಆತನಿಗೆ ಗೊತ್ತಿರಲಿಲ್ಲ. ಹೃದಯದ ಸ್ನಾಯುವಿಗೇ ರಕ್ತವನ್ನೊದಗಿಸುವ ಸಣ್ಣ ಅಪಧಮನಿಗಳಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗುವುದನ್ನೂ, ತಂಬಾಕು, ಏರಿದ ರಕ್ತದೊತ್ತಡ, ಮೈಗೆ ಕೆಲಸವಿಲ್ಲದ ಬಾಳು ಇವು ಅದನ್ನು ಹೆಚ್ಚಿಸುವುದನ್ನೂ ವೈದ್ಯರು ಇಪ್ಪತ್ತನೆಯ ಶತಮಾನದಲ್ಲಿ ಚೆನ್ನಾಗಿ ತಿಳಿದುಕೊಂಡರು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವಾಗ ಹಾರ್ವೆಯ ಪಟ್ಟಿ ನೆನಪಾಗುತ್ತದೆ.

ಹಾರ್ವೆಯು ೧೬೫೭ರ ಜೂನ್ ೩ರಂದು ಲಕ್ವ ಹೊಡೆದು ತೀರಿಕೊಂಡನು. ಅಪಧಮನಿಯ ತುದಿಯಿಂದ ಅಭಿಧಮನಿಯ ಮೊದಲಿಗೆ ರಕ್ತವು ಹೇಗೆ ದಾಟುತ್ತದೆಂಬುದನ್ನು ಆತನು ಕಾಣಲಾಗಲಿಲ್ಲ. ಬರಿಗಣ್ಣಿಗೆ ಅದು ಕಾಣುವಂಥದಲ್ಲ. ನಾಲ್ಕು ವರ್ಷಗಳ ತರುವಾಯ, ೧೬೬೧ರಲ್ಲಿ, ಇಟಲಿಯ ಮಾಲ್ಪೀಗಿಯು ಸೂಕ್ಷ್ಮದರ್ಶಕದಡಿಯಲ್ಲಿ ಕಪ್ಪೆಯ ಪುಪ್ಪುಸವನ್ನಿಟ್ಟು, ಕೂದಲಿಗಿಂತಲೂ ತೆಳುವಾದ ಆ ನಾಳಗಳನ್ನು ಕಂಡನು.