ಓಲೆಗರಿಯಿಂದ ಗ್ರಂಥಮಾಲೆಗೆ: ಆರ್. ಶಾಮಶಾಸ್ತ್ರಿಗಳು ಮತ್ತು ಮೈಸೂರಿನ ಪ್ರಾಚ್ಯ ಗ್ರಂಥಸಂಗ್ರಹ

ವಿಶ್ವವಿದ್ಯಾಲಯಗಳ ಗ್ರಂಥಭಂಡಾರಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಸಂಖ್ಯೆಗಳಲ್ಲಿ ಆರಂಭವಾಗಿ ಸಂಖ್ಯೆಗಳಲ್ಲಿಯೇ ಮುಗಿಯುತ್ತದೆ. ಎಷ್ಟು ಪುಸ್ತಕಗಳಿವೆ, ಎಷ್ಟು ನಿಯತಕಾಲಿಕೆಗಳು ಬರುತ್ತವೆ, ಎಷ್ಟು ಅನುದಾನ ವೆಚ್ಚವಾಗಿದೆ ಎಂಬುವೇ ಅಲ್ಲಿನ ಮಾನದಂಡಗಳು. ಆದರೆ ಸಂಗ್ರಹವೊಂದು ಬೆಳೆಯುವುದೆಂದರೆ ಕಪಾಟುಗಳು ತುಂಬುವುದಷ್ಟೇ ಅಲ್ಲ. ಬಂದ ಕೃತಿಯನ್ನು ಗುರುತಿಸುವುದು, ಅದನ್ನು ಕೆಡದಂತೆ ಉಳಿಸುವುದು, ಸೂಚಿಗೆ ಸೇರಿಸುವುದು, ಪ್ರತಿ ಮಾಡುವುದು ಮತ್ತು ಕೊನೆಗೆ ಓದುಗರ ಕೈಗೆ ತಲುಪಿಸುವುದು, ಇವೆಲ್ಲವೂ ಸೇರಿದಾಗ ಮಾತ್ರ ಸಂಗ್ರಹಣಕಾರ್ಯ ಪೂರ್ಣವಾಗುತ್ತದೆ. ಕರ್ನಾಟಕದಲ್ಲಿ ಈ ಎಲ್ಲ ಹಂತಗಳನ್ನು ಒಬ್ಬನೇ ವಿದ್ವಾಂಸನ ಬದುಕಿನಲ್ಲಿ ಕಾಣಬಹುದಾದ ನಿದರ್ಶನವೆಂದರೆ ಮಹಾಮಹೋಪಾಧ್ಯಾಯ ರುದ್ರಪಟ್ಟಣ ಶಾಮಶಾಸ್ತ್ರಿಗಳದು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದವರೆಂದು ಅವರು ಪ್ರಸಿದ್ಧರು. ಆ ಪ್ರಸಿದ್ಧಿಯ ಹಿಂದಿರುವ ಗ್ರಂಥಪಾಲಕ ಶಾಮಶಾಸ್ತ್ರಿಗಳನ್ನು ಗಮನಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ ಮತ್ತು ವ್ಯಾಸಂಗ

ಶಾಮಶಾಸ್ತ್ರಿಗಳು 1868ರಲ್ಲಿ ಕಾವೇರಿ ನದಿಯ ದಡದಲ್ಲಿರುವ ರುದ್ರಪಟ್ಟಣದಲ್ಲಿ ಜನಿಸಿದರು. ಇಂದು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿಗೆ ಸೇರಿರುವ ಈ ಗ್ರಾಮವು ಸಂಕೇತಿ ಸಮುದಾಯದ ವೇದವಿದ್ಯೆಗೂ ಸಂಗೀತಕ್ಕೂ ಹೆಸರಾದುದು. ಹುಟ್ಟೂರಿನಲ್ಲಿ ಆರಂಭವಾದ ಅವರ ಸಂಸ್ಕೃತ ವ್ಯಾಸಂಗವು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಮುಂದುವರಿಯಿತು. ಸಂಪ್ರದಾಯದ ವಿದ್ವತ್ತಿನ ಜೊತೆಗೆ ಅವರು ಮದರಾಸು ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನೂ ಪಡೆದರು. ಹಳೆಯ ಪಾಠಶಾಲೆಯ ಪಂಡಿತನಿಗೆ ಓಲೆಗರಿಯನ್ನು ಓದುವುದು ತಿಳಿದಿತ್ತು. ಹೊಸ ಕಾಲೇಜಿನ ಪದವೀಧರನಿಗೆ ಇತಿಹಾಸದ ಪ್ರಶ್ನೆಗಳು ತಿಳಿದಿದ್ದವು. ಈ ಎರಡೂ ಒಬ್ಬರಲ್ಲಿ ಕೂಡಿರುವುದು ಅಂದು ವಿರಳವಾಗಿತ್ತು.

1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರು ಸ್ವತಃ ವೇದಾಭ್ಯಾಸದಲ್ಲಿ ಆಸಕ್ತಿಯುಳ್ಳವರು. ಶಾಮಶಾಸ್ತ್ರಿಗಳ ಯೋಗ್ಯತೆಯನ್ನು ಗುರುತಿಸಿ ಅವರನ್ನು ಮೈಸೂರಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯದ ಸೇವೆಗೆ ತಂದವರು ಅವರೇ. ಗ್ರಂಥಪಾಲಕನ ಹುದ್ದೆಗೆ ಆಡಳಿತಗಾರನಿಗಿಂತ ಮೊದಲು ವಿದ್ವಾಂಸನನ್ನು ಹುಡುಕಿದ ಈ ನಿರ್ಧಾರದ ಫಲ ಮುಂದೆ ಇಡೀ ವಿದ್ವತ್‌ಪ್ರಪಂಚಕ್ಕೆ ದೊರೆಯಿತು.

ಪ್ರಾಚ್ಯ ಗ್ರಂಥಾಲಯದ ಸ್ವರೂಪ

ಪ್ರಾಚ್ಯ ಗ್ರಂಥಾಲಯವು ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನದಲ್ಲಿ ಅದು ಪ್ರಾಚೀನ ಆಕರಗಳ ಶೋಧದ ಕಾಲ. ಬಿ.ಎಲ್. ರೈಸ್ ಅವರ ನೇತೃತ್ವದಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಹೊರಬರುತ್ತಿದ್ದವು. ಶಿವಮೊಗ್ಗ ಜಿಲ್ಲೆಯ ಶಾಸನಗಳು 1902 ಮತ್ತು 1904ರ ಎರಡು ಸಂಪುಟಗಳಲ್ಲಿ ಪ್ರಕಟವಾದವು. ಕವಿರಾಜಮಾರ್ಗ ಮತ್ತು ಪಂಪಭಾರತಗಳು 1898ರಲ್ಲಿ ಅಚ್ಚಾದವು. ಕಲ್ಲಿನ ಮೇಲಿನ ಬರಹಕ್ಕೆ ಒಂದು ಇಲಾಖೆಯಿದ್ದಂತೆ ಓಲೆಗರಿ ಮತ್ತು ಕಾಗದದ ಮೇಲಿನ ಬರಹಕ್ಕೆ ಈ ಗ್ರಂಥಾಲಯವು ಆಶ್ರಯವಾಯಿತು.

ಹಸ್ತಪ್ರತಿ ಭಂಡಾರದ ಸಂಗ್ರಹಣವು ಮುದ್ರಿತ ಪುಸ್ತಕಗಳ ಭಂಡಾರದ ಸಂಗ್ರಹಣಕ್ಕಿಂತ ಮೂಲತಃ ಭಿನ್ನವಾದುದು. ಮುದ್ರಿತ ಪುಸ್ತಕವನ್ನು ಪಟ್ಟಿ ನೋಡಿ ತರಿಸಬಹುದು. ಒಂದು ಪ್ರತಿ ಕಳೆದರೆ ಇನ್ನೊಂದನ್ನು ಕೊಳ್ಳಬಹುದು. ಹಸ್ತಪ್ರತಿಗೆ ಅಂಥ ಪಟ್ಟಿಯಿಲ್ಲ, ಮಾರುಕಟ್ಟೆಯೂ ಇಲ್ಲ. ಅದು ಮಠದ ಪೆಟ್ಟಿಗೆಯಲ್ಲಿಯೋ ಮನೆಯ ಅಟ್ಟದ ಮೇಲೆಯೋ ಇರುತ್ತದೆ. ಕುಟುಂಬದವರು ಅದನ್ನು ಪೂಜಿಸುತ್ತಾರೆ, ಓದುವವರಿರುವುದಿಲ್ಲ. ಇಲ್ಲವೆ ಓದಲಾರದ ಹೊರೆಯೆಂದು ಹೊಳೆಗೆ ಬಿಡುತ್ತಾರೆ. ಗೆದ್ದಲು, ತೇವ, ಹೊಗೆಗಳಿಂದ ಗರಿಗಳು ನಶಿಸುತ್ತವೆ. ಇಂಥ ಸಂದರ್ಭದಲ್ಲಿ ಸಂಗ್ರಾಹಕನು ಮನೆತನಗಳ ವಿಶ್ವಾಸವನ್ನು ಗಳಿಸಬೇಕು. ಮೂಲಪ್ರತಿಯನ್ನು ಕೊಡಲು ಒಪ್ಪದಿದ್ದರೆ ನಕಲು ಮಾಡಿಕೊಳ್ಳಲಾದರೂ ಅನುಮತಿ ಪಡೆಯಬೇಕು. ಬಂದ ಕಟ್ಟಿನಲ್ಲಿ ಒಂದೇ ಕೃತಿ ಇದೆಯೋ ಹಲವು ಇವೆಯೋ, ಮೊದಲ ಮತ್ತು ಕೊನೆಯ ಗರಿಗಳು ಉಳಿದಿವೆಯೋ ಎಂಬುದನ್ನು ನಿರ್ಧರಿಸಬೇಕು. ಆದುದರಿಂದ ಇಲ್ಲಿ ಸೂಚೀಕರಣವೆಂಬುದು ಅರ್ಧಭಾಗ ಸಂಶೋಧನೆಯೇ ಆಗಿರುತ್ತದೆ.

ಎ. ಮಹಾದೇವಶಾಸ್ತ್ರಿಗಳು ಮುಖ್ಯಸ್ಥರಾಗಿದ್ದ ಅವಧಿಯಲ್ಲಿ ಈ ಗ್ರಂಥಾಲಯವು ಸಂಗ್ರಹಿಸುವುದರ ಜೊತೆಗೆ ಪ್ರಕಟಿಸುವುದನ್ನೂ ತನ್ನ ಕರ್ತವ್ಯವೆಂದು ಭಾವಿಸಿತು. ಗ್ರಂಥಾಲಯದ ಸಂಸ್ಕೃತ ಗ್ರಂಥಮಾಲೆಯು ಒಂದೊಂದಾಗಿ ಕೃತಿಗಳನ್ನು ಹೊರತಂದಿತು. ಶಾಮಶಾಸ್ತ್ರಿಗಳು ಬೆಳೆದದ್ದು ಈ ವಾತಾವರಣದಲ್ಲಿ.

ಅರ್ಥಶಾಸ್ತ್ರದ ಆಗಮನ

ಕೌಟಿಲ್ಯನು ರಾಜನೀತಿಯ ಮೇಲೆ ಗ್ರಂಥವೊಂದನ್ನು ರಚಿಸಿದ್ದನೆಂಬ ಸಂಗತಿ ವಿದ್ವಾಂಸರಿಗೆ ತಿಳಿಯದ್ದೇನಲ್ಲ. ಕಾಮಂದಕನು ಅವನ ಋಣವನ್ನು ಒಪ್ಪಿಕೊಂಡಿದ್ದಾನೆ. ದಂಡಿಯು ಅದರ ಗ್ರಂಥಪ್ರಮಾಣವನ್ನೂ ತಿಳಿಸಿದ್ದಾನೆ. ಬಾಣನು ಅದರ ಕ್ರೌರ್ಯವನ್ನು ಖಂಡಿಸಿದ್ದಾನೆ. ವೇಮುಲವಾಡದ ಚಾಲುಕ್ಯರ ಆಶ್ರಯ ಪಡೆದಿದ್ದ ಹತ್ತನೆಯ ಶತಮಾನದ ಸೋಮದೇವಸೂರಿಯ ನೀತಿವಾಕ್ಯಾಮೃತವು ಬಹುಮಟ್ಟಿಗೆ ಅದನ್ನು ಅವಲಂಬಿಸಿದೆ. ಆದರೆ ಮೂಲಗ್ರಂಥದ ಪೂರ್ಣಪಾಠ ಆಧುನಿಕ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ಹೆಸರು ಉಳಿದು ಕೃತಿ ಮರೆಯಾಗಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥ ಲಿಪಿಯಲ್ಲಿದ್ದ ಓಲೆಗರಿಯ ಪ್ರತಿಯೊಂದನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು. ಅದರ ಜೊತೆಯಲ್ಲಿ ಕೃತಿಯ ಒಂದು ಚಿಕ್ಕ ಭಾಗಕ್ಕೆ ಭಟ್ಟಸ್ವಾಮಿಯು ಬರೆದ ವ್ಯಾಖ್ಯಾನದ ಪ್ರತಿಯೂ ಇತ್ತು. ಗ್ರಂಥಾಲಯಕ್ಕೆ ಬರುತ್ತಿದ್ದ ಅನೇಕ ಕಟ್ಟುಗಳಲ್ಲಿ ಇದೂ ಒಂದು. ಸೂಚಿಯಲ್ಲಿ ಒಂದು ಸಾಲಾಗಿ ದಾಖಲಾಗಿ ಕಪಾಟಿನಲ್ಲಿ ಉಳಿದುಬಿಡುವ ಸಾಧ್ಯತೆ ಇದಕ್ಕೂ ಇತ್ತು. ಶಾಮಶಾಸ್ತ್ರಿಗಳು ಅದನ್ನು ಓದಿದರು. ಹದಿನೈದು ಅಧಿಕರಣಗಳಲ್ಲಿ ಹರಡಿಕೊಂಡಿರುವ ಆ ಗದ್ಯವು ಯಾವುದೆಂಬುದನ್ನು ಗುರುತಿಸಿದರು. 1905ರಲ್ಲಿ ಚಾಣಕ್ಯನ ಭೂ ಮತ್ತು ಕಂದಾಯ ನೀತಿಯನ್ನು ಕುರಿತ ಲೇಖನವನ್ನು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದರು. ಅನಂತರದ ವರ್ಷಗಳಲ್ಲಿ ಅನುವಾದವನ್ನು ಭಾಗಭಾಗವಾಗಿ ಪತ್ರಿಕೆಗಳಲ್ಲಿ ಹೊರತಂದರು. 1909ರಲ್ಲಿ ಗ್ರಂಥಾಲಯದ ಸಂಸ್ಕೃತ ಗ್ರಂಥಮಾಲೆಯ 37ನೆಯ ಸಂಖ್ಯೆಯಾಗಿ ಮೂಲಪಾಠವು ಪ್ರಕಟವಾಯಿತು. ಜೆ.ಎಫ್. ಫ್ಲೀಟ್ ಅವರ ಪೀಠಿಕೆಯೊಡನೆ ಸಮಗ್ರ ಇಂಗ್ಲಿಷ್ ಅನುವಾದವು 1915ರಲ್ಲಿ ಗ್ರಂಥರೂಪ ತಾಳಿತು.

ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು, ಏಕಪ್ರತಿಯನ್ನು ಆಧರಿಸಿ ಪ್ರಕಟಿಸಿದ ನಿರ್ಧಾರ. ಗ್ರಂಥಸಂಪಾದನೆಯ ಶಿಸ್ತು ಹಲವು ಪ್ರತಿಗಳ ಪಾಠಾಂತರಗಳನ್ನು ಬಯಸುತ್ತದೆ. ಶಾಮಶಾಸ್ತ್ರಿಗಳ ಮುಂದಿದ್ದ ಸಾಮಗ್ರಿ ಅತ್ಯಲ್ಪ. ಅನೇಕ ಪಾರಿಭಾಷಿಕ ಪದಗಳಿಗೆ ಅರ್ಥ ಹೇಳುವ ವ್ಯಾಖ್ಯಾನವೂ ಅವರಿಗೆ ಲಭ್ಯವಿರಲಿಲ್ಲ. ಇನ್ನಷ್ಟು ಪ್ರತಿಗಳು ದೊರೆಯುವವರೆಗೆ ಕಾಯುವುದು ಅವರಿಗೆ ಸಾಧ್ಯವಿತ್ತು. ಆದರೆ ಪ್ರಕಟಣೆಯೇ ಉಳಿದ ಪ್ರತಿಗಳನ್ನು ಹೊರತರುವ ಸಾಧನವಾಯಿತೆಂಬುದು ಮುಂದಿನ ಇತಿಹಾಸದಿಂದ ಸ್ಪಷ್ಟವಾಗುತ್ತದೆ. ಮ್ಯೂನಿಕ್‌ನ ಗ್ರಂಥಾಲಯದಲ್ಲಿದ್ದ ಪ್ರತಿಯ ನೆರವಿನಿಂದ ಯೋಲಿ ಮತ್ತು ಶ್ಮಿಟ್ ಅವರ ಆವೃತ್ತಿ ಲಾಹೋರಿನಲ್ಲಿ 1923-24ರಲ್ಲಿ ಪ್ರಕಟವಾಯಿತು. ತಿರುವನಂತಪುರದಲ್ಲಿ ಟಿ. ಗಣಪತಿಶಾಸ್ತ್ರಿಗಳು 1924-25ರಲ್ಲಿ ತಮ್ಮದೇ ವ್ಯಾಖ್ಯಾನದೊಡನೆ ಕೃತಿಯನ್ನು ಸಂಪಾದಿಸಿದರು. ಗುಜರಾತಿನ ಪಾಟಣದ ಭಂಡಾರದಲ್ಲಿಯೂ ಒಂದು ಅಪೂರ್ಣ ಪ್ರತಿ ದೊರೆಯಿತು. ಇವೆಲ್ಲವನ್ನೂ ಬಳಸಿ ಆರ್.ಪಿ. ಕಾಂಗ್ಲೆ ಅವರು 1960ರ ದಶಕದಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಪರಿಷ್ಕೃತ ಪಾಠವನ್ನು ನೀಡಿದರು. ಮೈಸೂರಿನ ಆವೃತ್ತಿಯ ಅನೇಕ ಪಾಠಗಳು ಈ ಹಾದಿಯಲ್ಲಿ ತಿದ್ದುಪಡಿಗೊಂಡವು. ಆದರೆ ತಿದ್ದಲು ಒಂದು ಪಾಠವನ್ನು ಒದಗಿಸಿದ್ದು ಮೈಸೂರಿನ ಆವೃತ್ತಿಯೇ. ಶಾಮಶಾಸ್ತ್ರಿಗಳು ಸಹ ತಮ್ಮ ಆವೃತ್ತಿಯನ್ನು ಪರಿಷ್ಕರಿಸುತ್ತ ಹೋದರು. 1924-25ರಲ್ಲಿ ಮೂರು ಸಂಪುಟಗಳ ಪದಸೂಚಿಯನ್ನು ಸಿದ್ಧಪಡಿಸಿ ಇತರ ಸಂಶೋಧಕರಿಗೆ ಉಪಕರಣವಾಗಿ ಕೊಟ್ಟರು.

ಎರಡನೆಯದು, ದಾನಿಯ ಗುರುತು. ಕೃತಿಯನ್ನು ಒಪ್ಪಿಸಿದ ಪಂಡಿತರನ್ನು ಶಾಮಶಾಸ್ತ್ರಿಗಳ ಮುನ್ನುಡಿ ತಂಜಾವೂರು ಜಿಲ್ಲೆಯವರೆಂದಷ್ಟೇ ಸ್ಮರಿಸುತ್ತದೆ, ಹೆಸರು ಅಲ್ಲಿಲ್ಲ. ಆ ಪ್ರತಿ ಯಾವ ಮನೆತನದಲ್ಲಿತ್ತು, ಯಾರು ಅದನ್ನು ಪಾಠ ಹೇಳುತ್ತಿದ್ದರು, ಅದರ ಮಾತೃಪ್ರತಿ ಯಾವುದು ಎಂಬ ಪ್ರಶ್ನೆಗಳು ಇದರಿಂದ ಹಾಗೆಯೇ ಉಳಿದವು. ಹಸ್ತಪ್ರತಿಯ ಪೂರ್ವಚರಿತ್ರೆಯನ್ನು ದಾಖಲಿಸುವುದು ಇಂದು ಸಂಗ್ರಹಣದ ಮೂಲಭೂತ ನಿಯಮ. ಆ ಕಾಲದ ರೂಢಿಯಲ್ಲಿ ಕೃತಿಗೆ ಇದ್ದ ಮಹತ್ತ್ವ ಅದನ್ನು ಕಾಪಾಡಿಕೊಂಡು ಬಂದವರಿಗೆ ಇರಲಿಲ್ಲ. ಶಾಮಶಾಸ್ತ್ರಿಗಳ ಸಾಧನೆಯನ್ನು ಗೌರವಿಸುವಾಗ ಈ ಮಿತಿಯನ್ನೂ ಗಮನಿಸಬೇಕಾಗುತ್ತದೆ.

ಕೃತಿಯ ಕಾಲವನ್ನು ಕುರಿತ ಚರ್ಚೆಯೂ ಈ ಪ್ರಕಟಣೆಯೊಡನೆ ಆರಂಭವಾಯಿತು. ಶಾಮಶಾಸ್ತ್ರಿಗಳು ಅದನ್ನು ಚಂದ್ರಗುಪ್ತ ಮೌರ್ಯನ ಮಂತ್ರಿಯ ರಚನೆಯೆಂದು ಪ್ರತಿಪಾದಿಸಿದರು. ಯಾಕೋಬಿ ಈ ನಿಲುವನ್ನು ಬೆಂಬಲಿಸಿದರು. ಯೋಲಿ, ವಿಂಟರ್ನಿಟ್ಸ್, ಕೀತ್ ಮೊದಲಾದವರು ಒಪ್ಪಲಿಲ್ಲ. 1971ರಲ್ಲಿ ಟ್ರೌಟ್‌ಮನ್ ಅವರು ಭಾಷಾಪ್ರಯೋಗದ ಸಂಖ್ಯಾಶಾಸ್ತ್ರೀಯ ಪರಿಶೀಲನೆಯಿಂದ ಅದು ಒಬ್ಬನ ರಚನೆಯಲ್ಲವೆಂದು ವಾದಿಸಿದರು. 2013ರ ಅನುವಾದದಲ್ಲಿ ಒಲಿವೆಲ್ ಅವರು ಅದರ ರಚನೆಯನ್ನು ಕ್ರಿಸ್ತಶಕದ ಆಸುಪಾಸಿಗೂ ಪುನಾರಚನೆಯನ್ನು ಅದರ ನಂತರದ ಶತಮಾನಗಳಿಗೂ ತಂದರು. ಹೀಗೆ ಶಾಮಶಾಸ್ತ್ರಿಗಳ ಕಾಲನಿರ್ಣಯವು ಇಂದು ಸರ್ವಸಮ್ಮತವಾಗಿ ಉಳಿದಿಲ್ಲ. ದೇವನಾಗರಿ ಲಿಪಿಯ ಮೂಲವನ್ನು ತಾಂತ್ರಿಕ ಸಂಕೇತಗಳಲ್ಲಿ ಕಾಣುವ ಅವರ ವಾದಕ್ಕೂ ವಿದ್ವಾಂಸರ ಸಮ್ಮತಿ ದೊರೆಯಲಿಲ್ಲ. ಅವರ ಸಿದ್ಧಾಂತಗಳು ಹಿಂದೆ ಸರಿದರೂ ಅವರು ಒದಗಿಸಿದ ಆಕರವು ಉಳಿದುಕೊಂಡಿತು.

ವಿಶ್ವವಿದ್ಯಾಲಯದ ಅಂಗವಾಗಿ

ಶಾಮಶಾಸ್ತ್ರಿಗಳು ಕೆಲಕಾಲ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿದ್ದು, ಬಳಿಕ ಪ್ರಾಚ್ಯ ಗ್ರಂಥಾಲಯದ ಮುಖ್ಯಸ್ಥರಾಗಿ ಮೈಸೂರಿಗೆ ಮರಳಿದರು. ಈ ನಡುವೆ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಸ್ಥಾಪನೆಯಾಗಿ, ಪ್ರಾಚ್ಯ ಗ್ರಂಥಾಲಯವು ಅದರ ಅಂಗವಾಯಿತು. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಅವರು ನೀಡಿದ ಉಪನ್ಯಾಸಗಳು ಭಾರತೀಯ ರಾಜ್ಯವ್ಯವಸ್ಥೆಯ ವಿಕಾಸವನ್ನು ಕುರಿತ ಗ್ರಂಥವಾಗಿ 1920ರಲ್ಲಿ ಪ್ರಕಟವಾದವು. 1922ರಲ್ಲಿ ಆರ್. ನರಸಿಂಹಾಚಾರ್ಯರ ತರುವಾಯ ಸಂಸ್ಥಾನದ ಪ್ರಾಕ್ತನ ಸಂಶೋಧನೆಯ ನಿರ್ದೇಶಕರೂ ಆದರು. ಓಲೆಗರಿಯ ಭಂಡಾರ ಮತ್ತು ಶಾಸನಗಳ ಇಲಾಖೆಗಳೆರಡೂ ಒಬ್ಬರ ಹೊಣೆಗೆ ಬಂದದ್ದು ಹೀಗೆ.

ಕನ್ನಡ ಅಧ್ಯಯನದ ದೃಷ್ಟಿಯಿಂದ ಈ ಅವಧಿಯು ಮುಖ್ಯವಾದುದು. ಸಂಸ್ಕೃತ ವಿದ್ವಾಂಸರೆಂದೇ ಖ್ಯಾತರಾದ ಶಾಮಶಾಸ್ತ್ರಿಗಳು ಕನ್ನಡ ಹಸ್ತಪ್ರತಿಗಳನ್ನು ಕಡೆಗಣಿಸಲಿಲ್ಲ. ಲಿಂಗಣ್ಣ ಕವಿಯ ಕೆಳದಿನೃಪವಿಜಯವು 1921ರಲ್ಲಿ ಅವರ ಸಂಪಾದಕತ್ವದಲ್ಲಿ ಪ್ರಕಟವಾಯಿತು. ನಯಸೇನನ ಧರ್ಮಾಮೃತದ ಎರಡು ಭಾಗಗಳು 1924 ಮತ್ತು 1926ರಲ್ಲಿಯೂ, ಗೋವಿಂದವೈದ್ಯನ ಕಂಠೀರವ ನರಸರಾಜ ವಿಜಯವು 1926ರಲ್ಲಿಯೂ ಹೊರಬಂದವು. ಆಯ್ಕೆಯ ವ್ಯಾಪ್ತಿಯನ್ನು ಗಮನಿಸಬೇಕು: ಮಲೆನಾಡಿನ ಅರಸುಮನೆತನದ ಚರಿತ್ರೆಯನ್ನು ಹೇಳುವ ಚಂಪೂಕೃತಿ, ಹನ್ನೆರಡನೆಯ ಶತಮಾನದ ಜೈನಕಥಾಸಂಕಲನ, ಮೈಸೂರರಸನ ಕಾಲದ ಸಾಂಗತ್ಯ. ಭಾಷೆ, ಮತ, ಛಂದಸ್ಸುಗಳ ಭೇದವಿಲ್ಲದೆ ಭಂಡಾರದಲ್ಲಿದ್ದುದನ್ನು ಓದುಗರಿಗೆ ತಲುಪಿಸುವ ನೀತಿ ಇದರಲ್ಲಿ ಕಾಣುತ್ತದೆ.

ಕೆಳದಿನೃಪವಿಜಯದ ಪ್ರಕಟಣೆಯು ಶಿವಮೊಗ್ಗ ಪ್ರದೇಶದ ಚರಿತ್ರೆಯ ಮಟ್ಟಿಗೆ ನಿರ್ಣಾಯಕವಾಯಿತು. ಇಕ್ಕೇರಿ ಮತ್ತು ಬಿದನೂರುಗಳ ಅರಸರ ವಂಶಕ್ರಮ, ಯುದ್ಧಗಳು, ದಾನಧರ್ಮಗಳನ್ನು ಕುರಿತು ಮುಂದೆ ಬರೆದವರೆಲ್ಲರೂ ಈ ಮುದ್ರಿತ ಪಾಠವನ್ನು ಆಶ್ರಯಿಸಿದರು. ಶಾಸನಗಳಲ್ಲಿ ದೊರೆಯದ ವಿವರಗಳು ಕಾವ್ಯದಲ್ಲಿ ದೊರೆತವು. ಕಾವ್ಯದ ಉತ್ಪ್ರೇಕ್ಷೆಗಳನ್ನು ಶಾಸನಗಳೊಡನೆ ಹೋಲಿಸಿ ನೋಡಲು ಸಾಧ್ಯವಾಯಿತು.

ಉತ್ತರಾಧಿಕಾರ

ಮೈಸೂರು ಮಹಾರಾಜರು ಶಾಮಶಾಸ್ತ್ರಿಗಳಿಗೆ ಅರ್ಥಶಾಸ್ತ್ರವಿಶಾರದ ಎಂಬ ಬಿರುದನ್ನಿತ್ತರು. ಭಾರತ ಸರ್ಕಾರದಿಂದ ಮಹಾಮಹೋಪಾಧ್ಯಾಯ ಪದವಿ ಸಂದಿತು. ವೇದಕಾಲದ ಪಂಚಾಂಗ ಮತ್ತು ಗ್ರಹಣಗಳ ಮೇಲಿನ ಅಧ್ಯಯನವನ್ನು ಅವರು ವೃದ್ಧಾಪ್ಯದಲ್ಲಿಯೂ ಬಿಡಲಿಲ್ಲ. 1944ರಲ್ಲಿ ಅವರು ನಿಧನರಾದರು. ಅದಕ್ಕೆ ಸ್ವಲ್ಪ ಮುಂಚೆ, 1943ರಲ್ಲಿ, ಪ್ರಾಚ್ಯ ಗ್ರಂಥಾಲಯವು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆದಿತ್ತು. ಗ್ರಂಥಾಲಯವು ಸಂಶೋಧನಾಲಯವಾಗಿದ್ದು ಹೆಸರಿನಲ್ಲಿ ಅಂದು. ಕಾರ್ಯದಲ್ಲಿ ಅದು ಬಹು ಹಿಂದೆಯೇ ಆಗಿತ್ತು. 1966ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ಸಂಸ್ಥೆಯು ರೂಪುಗೊಂಡಾಗ ಕನ್ನಡ ವಿಭಾಗದ ಕಾರ್ಯವು ಅಲ್ಲಿಗೆ ವರ್ಗವಾಯಿತು.

ಮದರಾಸು ವಿಶ್ವವಿದ್ಯಾಲಯದಲ್ಲಿ 1924ರಿಂದ ಗ್ರಂಥಪಾಲಕರಾಗಿದ್ದ ಎಸ್.ಆರ್. ರಂಗನಾಥನ್ ಅವರು ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನು ದೊರೆಯಬೇಕೆಂಬುದನ್ನು 1931ರಲ್ಲಿ ಗ್ರಂಥಾಲಯ ವಿಜ್ಞಾನದ ಸೂತ್ರಗಳಲ್ಲಿ ಒಂದಾಗಿ ನಿರೂಪಿಸಿದರು. ಈ ಸೂತ್ರವು ರೂಪುಗೊಳ್ಳುವ ಮುನ್ನವೇ ಶಾಮಶಾಸ್ತ್ರಿಗಳು ಅದನ್ನು ಆಚರಣೆಯಲ್ಲಿ ತೋರಿಸಿದ್ದರು. ವ್ಯತ್ಯಾಸವಿಷ್ಟೇ: ರಂಗನಾಥನ್ ಅವರ ಕ್ರಮವು ವ್ಯವಸ್ಥೆಯನ್ನು ನಂಬಿತು, ಶಾಮಶಾಸ್ತ್ರಿಗಳ ಕ್ರಮವು ವ್ಯಕ್ತಿಯ ವಿದ್ವತ್ತನ್ನು ಅವಲಂಬಿಸಿತು. ವ್ಯಕ್ತಿ ನಿವೃತ್ತನಾದಾಗ ವಿದ್ವತ್ತಿನ ಪರಂಪರೆ ಮುಂದುವರಿಯದಿದ್ದರೆ ಸಂಗ್ರಹವು ಮತ್ತೆ ಮೌನವಾಗುವ ಅಪಾಯವಿದೆ.

ಈ ಅಪಾಯವು ಇಂದಿನ ಕನ್ನಡ ವಿಭಾಗಗಳಿಗೆ ನೇರವಾಗಿ ಸಂಬಂಧಿಸಿದುದು. ಹಸ್ತಪ್ರತಿಗಳ ಛಾಯಾಪ್ರತಿ ಮತ್ತು ಗಣಕೀಕರಣದಿಂದ ಗರಿಗಳ ರೂಪ ಉಳಿಯುತ್ತದೆ. ಆದರೆ ಗ್ರಂಥ, ತಿಗಳಾರಿ, ನಂದಿನಾಗರಿ, ಹಳಗನ್ನಡ ಲಿಪಿಗಳನ್ನು ಓದಬಲ್ಲವರು ಇಲ್ಲದಿದ್ದರೆ ಆ ಚಿತ್ರಗಳೂ ಕಟ್ಟು ಬಿಚ್ಚದ ಓಲೆಗಳಂತೆಯೇ ಉಳಿಯುತ್ತವೆ. ಮೈಸೂರು, ಧಾರವಾಡ, ಹಂಪಿ, ಕೆಳದಿಗಳ ಸಂಗ್ರಹಗಳಲ್ಲಿ ಇನ್ನೂ ಓದಬೇಕಾದ ಪ್ರತಿಗಳಿವೆ. ಸಂಗ್ರಹಕ್ಕೆ ದೊರೆಯುವ ಅನುದಾನದ ಒಂದು ಪಾಲು ಓದುವವರನ್ನು ಸಿದ್ಧಗೊಳಿಸುವುದಕ್ಕೆ ಮೀಸಲಾಗಬೇಕು; ಲಿಪಿಶಾಸ್ತ್ರ ಮತ್ತು ಗ್ರಂಥಸಂಪಾದನೆಗಳು ಪಠ್ಯಕ್ರಮದ ಅಂಚಿನಿಂದ ನಡುವಿಗೆ ಬರಬೇಕು; ಹಸ್ತಪ್ರತಿ ಕೊಟ್ಟ ಮನೆತನದ ಹೆಸರು ಸೂಚಿಯಲ್ಲಿ ತಪ್ಪದೆ ದಾಖಲಾಗಬೇಕು. ಶಾಮಶಾಸ್ತ್ರಿಗಳ ಸಾಧನೆಯಿಂದಲೂ ಅವರ ಕಾಲದ ಮಿತಿಯಿಂದಲೂ ದೊರೆಯುವ ನಿಷ್ಕರ್ಷೆ ಇದು.