ಹೈಡೆಲ್‌ಬರ್ಗಿನ ಎರಡು ಚಳಿಗಾಲ

ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಜ್ಞಾನಸ್ನಾನ ಪಡೆದು ಎರಡು ತಿಂಗಳು ಕಳೆದಿತ್ತಷ್ಟೇ. 1906ರ ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ ನಗರದಿಂದ ಜರ್ಮನಿಯ ಹೈಡೆಲ್‌ಬರ್ಗಿಗೆ ಓದಲೆಂದು ಹೊರಟ ಆ ದಂಪತಿಗಳಲ್ಲಿ ಗಂಡನಿಗೆ 23 ವರ್ಷ, ಹೆಂಡತಿಗೆ 22. ಗಂಡನ ಹೆಸರು ಜಾಕ್ ಮಾರಿಟೇನ್. ಮುಂದೆ 20ನೇ ಶತಮಾನದ ಕಥೋಲಿಕ ತತ್ತ್ವಜ್ಞಾನಿಗಳ ಸಾಲಿನಲ್ಲಿ ಮೊದಲು ನೆನಪಾಗುವ ಹೆಸರುಗಳಲ್ಲಿ ಒಂದಾದವರು. ಅವರನ್ನು ಬಲ್ಲವರು ನಮ್ಮ ಗುರುಮಠಗಳಲ್ಲಿ ಅನೇಕರಿದ್ದಾರೆ. ಆದರೆ ಅವರ ಪತ್ನಿ ರಾಯಿಸ್ಸಾ ಅವರನ್ನು ಬಲ್ಲವರು ಕಡಿಮೆ. ಇಂದು ನಮ್ಮ ಧರ್ಮಕೇಂದ್ರಗಳಿಂದಲೂ ಹೊಸದಾಗಿ ಮದುವೆಯಾದ ಮಕ್ಕಳು ಜರ್ಮನಿ, ಕೆನಡಾ ಎಂದು ಓದಲು ಹೊರಡುತ್ತಿರುವಾಗ, ಈ ತಾಯಿಯ ಬದುಕನ್ನು ಒಮ್ಮೆ ನೆನೆಯಬೇಕೆನಿಸಿತು.

ರಾಯಿಸ್ಸಾ ಹುಟ್ಟಿದ್ದು 1883ರ ಸೆಪ್ಟೆಂಬರ್ 12ರಂದು, ರಷ್ಯಾದ ದಾನ್ ನದಿಯ ದಡದ ರೊಸ್ತೋವ್ ಪಟ್ಟಣದಲ್ಲಿ. ತಂದೆತಾಯಿ ಭಕ್ತ ಯೆಹೂದ್ಯರು. ಮಗು ಇನ್ನೂ ಚಿಕ್ಕದಿರುವಾಗಲೇ ಕುಟುಂಬ ಅಜೋವ್ ಸಮುದ್ರ ತೀರದ ಮರಿಯುಪೋಲಿಗೆ ಬಂದು ನೆಲೆಸಿತು. 2022ರ ಯುದ್ಧದಲ್ಲಿ ಬಾಂಬುಗಳಿಗೆ ಸಿಕ್ಕಿ ಪಾಳುಬಿದ್ದದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದೆವಲ್ಲ, ಅದೇ ಮರಿಯುಪೋಲ್. ಅಲ್ಲಿ ಹಬ್ಬಗಳು, ಸಬ್ಬತ್ ದಿನದ ದೀಪಗಳು, ಮೊಮ್ಮಗಳನ್ನು ಮುದ್ದಿಸುವ ದೈವಭಕ್ತ ಅಜ್ಜ ಎಲ್ಲವೂ ಇತ್ತು. ಇಲ್ಲದಿದ್ದದ್ದು ಒಂದೇ, ಹೆಣ್ಣುಮಕ್ಕಳ ಮುಂದಿನ ಓದಿಗೆ ದಾರಿ. ಯೆಹೂದ್ಯ ಮಕ್ಕಳಿಗೆ ಶಾಲೆ ಕಾಲೇಜುಗಳಲ್ಲಿ ಇಂತಿಷ್ಟೇ ಜಾಗ ಎಂದು ಚಕ್ರವರ್ತಿಯ ಸರಕಾರ ಮಿತಿ ಹಾಕಿದ್ದ ಕಾಲ ಅದು. ಮಕ್ಕಳ ಓದಿಗಾಗಿ ತಂದೆ ಊರನ್ನೇ ಬಿಟ್ಟರು. ಅವರ ಮನಸ್ಸಿನಲ್ಲಿದ್ದದ್ದು ನ್ಯೂಯಾರ್ಕ್. ದಾರಿಯಲ್ಲಿ ಗೆಳೆಯರೊಬ್ಬರ ಮಾತು ಕೇಳಿ 1893ರಲ್ಲಿ ಪ್ಯಾರಿಸ್ಸಿನಲ್ಲೇ ಇಳಿದುಕೊಂಡರು. ಹತ್ತು ವರ್ಷದ ಹುಡುಗಿ ಫ್ರೆಂಚ್ ಭಾಷೆಯ ಒಂದಕ್ಷರವೂ ಬಾರದೆ ತರಗತಿಯಲ್ಲಿ ಕುಳಿತಳು. ಸ್ವಲ್ಪ ಕಾಲದಲ್ಲೇ ಮುಂದಿನ ಸಾಲಿನ ವಿದ್ಯಾರ್ಥಿನಿಯಾದಳು. ಆದರೆ ಅಜ್ಜ, ಸಮುದ್ರ, ಹಿಮ ಎಲ್ಲ ಹಿಂದೆ ಉಳಿದವು. ತವರಿನ ನೆನಪು ಎಂದರೇನು ಎಂಬುದನ್ನು ಆಕೆ ಮೊದಲು ಕಲಿತದ್ದು ಹೀಗೆ. ಹೈಡೆಲ್‌ಬರ್ಗಿನದು ಎರಡನೆಯ ಪಾಠ.

ಸೋರ್ಬೋನ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದಲು ಸೇರಿದಾಗ ಆಕೆಗೆ ಇನ್ನೂ 17. ದೇವರಿದ್ದಾನೆಯೇ, ಬದುಕಿಗೆ ಅರ್ಥವಿದೆಯೇ ಎಂಬ ಪ್ರಶ್ನೆಗಳು ಆ ವಯಸ್ಸಿಗೇ ಕಾಡತೊಡಗಿದ್ದವು. ಮನೆಯ ನಂಬಿಕೆ ಸಡಿಲಗೊಂಡಿತ್ತು. ವಿಜ್ಞಾನದ ಪ್ರಾಧ್ಯಾಪಕರಲ್ಲಿ ಆ ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಅದೇ ವೇಳೆಗೆ ಜಾಕ್ ಎಂಬ ವಿದ್ಯಾರ್ಥಿ ರಷ್ಯಾದಲ್ಲಿ ಹಿಂಸೆಗೊಳಗಾದ ಸಮಾಜವಾದಿ ವಿದ್ಯಾರ್ಥಿಗಳ ಪರವಾಗಿ ಸಹಿ ಸಂಗ್ರಹಿಸುತ್ತಾ ಆಕೆಯ ಬಳಿ ಬಂದ. ಫ್ರಾನ್ಸಿನ ಹೆಸರಾಂತ ಗಣರಾಜ್ಯವಾದಿ ಮುತ್ಸದ್ದಿ ಜೂಲ್ ಫಾವ್ರ್ ಅವರ ಮೊಮ್ಮಗ. ಪ್ರೊಟೆಸ್ಟೆಂಟ್ ಹಿನ್ನೆಲೆಯಲ್ಲಿ ಬೆಳೆದು, ಧರ್ಮದ ಗೋಜಿಗೆ ಹೋಗದೆ ನ್ಯಾಯ ನ್ಯಾಯ ಎಂದು ತಪಿಸುತ್ತಿದ್ದ ಯುವಕ. ಇಬ್ಬರೂ ಬಿಡದ ಗೆಳೆಯರಾದರು. ಒಂದು ದಿನ ಪ್ಯಾರಿಸ್ಸಿನ ಸಸ್ಯೋದ್ಯಾನದಲ್ಲಿ ನಡೆಯುತ್ತಾ ಒಂದು ಭಯಂಕರ ತೀರ್ಮಾನಕ್ಕೆ ಬಂದರು. ಬದುಕಿಗೆ ಅರ್ಥವೇ ಇಲ್ಲವೆಂದು ಖಚಿತವಾದರೆ ಇಬ್ಬರೂ ಪ್ರಾಣ ಬಿಟ್ಟುಬಿಡುವುದು ಎಂದು. ಇದು ಹರೆಯದ ಆಟವಾಗಿರಲಿಲ್ಲ. ಅವರನ್ನು ಆ ಅಂಚಿನಿಂದ ಹಿಂದಕ್ಕೆಳೆದದ್ದು ತತ್ತ್ವಜ್ಞಾನಿ ಹೆನ್ರಿ ಬರ್ಗ್ಸನ್ ಅವರ ಉಪನ್ಯಾಸಗಳು. ಅಲ್ಲಿಗೆ ಅವರನ್ನು ಕರೆದೊಯ್ದವರು ಕವಿ ಷಾರ್ಲ್ ಪೆಗಿ. ಸತ್ಯವನ್ನು ಮನುಷ್ಯ ತಲುಪಬಲ್ಲ ಎಂಬ ಭರವಸೆ ಅಲ್ಲಿ ಸಿಕ್ಕಿತು. 1904ರ ನವೆಂಬರ್ 26ರಂದು ಅವರ ಮದುವೆಯಾಯಿತು.

ಮದುವೆಯ ನಂತರ ಲೆಯೋನ್ ಬ್ಲುವಾ ಎಂಬ ಲೇಖಕರ ಕಾದಂಬರಿಯೊಂದು ಇವರ ಕೈಗೆ ಬಂತು. ಬ್ಲುವಾ ಬಡವರು, ಮುಂಗೋಪಿ. ಸಾಲಗಾರರ ಕಾಟದ ನಡುವೆಯೂ ದಿನವೂ ಬಲಿಪೂಜೆ ತಪ್ಪಿಸದವರು. 1905ರ ಜೂನ್ 25ರಂದು ಈ ಯುವ ದಂಪತಿಗಳು ಮೊಂಮಾರ್ತ್ರ್ ಗುಡ್ಡದ ಮೇಲಿದ್ದ ಅವರ ಮನೆಯ ಬಾಗಿಲು ತಟ್ಟಿದರು. ಆ ಮನೆಯಲ್ಲಿ ಬಡತನವಿತ್ತು, ಅದರ ಜೊತೆಗೇ ಪ್ರಾರ್ಥನೆಯೂ ಇತ್ತು. ಯಾವ ವಾದವೂ ಮಾಡದ ಕೆಲಸವನ್ನು ಆ ಮನೆ ಮಾಡಿತು. ಮುಂದಿನ ವರ್ಷ, 1906ರ ಜೂನ್ 11ರಂದು, ಮೊಂಮಾರ್ತ್ರ್‌ನ ಸಂತ ಯೊವಾನ್ನರ ದೇವಾಲಯದಲ್ಲಿ ಜಾಕ್, ರಾಯಿಸ್ಸಾ ಮತ್ತು ರಾಯಿಸ್ಸಾರ ತಂಗಿ ವೆರಾ ಮೂವರೂ ಜ್ಞಾನಸ್ನಾನ ಪಡೆದರು. ಬ್ಲುವಾ ಅವರೇ ಜ್ಞಾನಪಿತರಾದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮನಪರಿವರ್ತನೆಯ ಕಥೆಗಳನ್ನು ನಾವು ಸಂತೋಷದಿಂದ ಹೇಳುತ್ತೇವೆ, ಮನೆಯಲ್ಲಿ ಉಳಿದವರ ಕಣ್ಣೀರನ್ನು ಮರೆಯುತ್ತೇವೆ. ರಾಯಿಸ್ಸಾ ಹುಟ್ಟಿದ ಅದೇ ರೊಸ್ತೋವಿನಲ್ಲಿ 1905ರ ಅಕ್ಟೋಬರಿನಲ್ಲಿ ಯೆಹೂದ್ಯರ ಹತ್ಯಾಕಾಂಡ ನಡೆದಿತ್ತು. ಕೈಯೆತ್ತಿದವರು ಕ್ರೈಸ್ತರೆಂದು ಕರೆಸಿಕೊಂಡವರೇ. ಅದಾದ ಎಂಟೇ ತಿಂಗಳಿಗೆ ಮಗಳು ಕ್ರೈಸ್ತಳಾದಳು ಎಂದರೆ ಆ ತಂದೆತಾಯಿಗೆ ಹೇಗಾಗಿರಬೇಡ? ಯಾವ ಮಕ್ಕಳಿಗಾಗಿ ಊರು ಬಿಟ್ಟರೋ ಆ ಮಕ್ಕಳೇ ತಮ್ಮನ್ನೂ, ಕಷ್ಟದಲ್ಲಿದ್ದ ತಮ್ಮ ಜನರನ್ನೂ ಬಿಟ್ಟರೆಂದು ಅವರು ನೊಂದರು. ಜಾಕ್ ಅವರ ತಾಯಿಯೂ, ಬೇರೆ ಕಾರಣಕ್ಕೆ, ಕುದಿದುಹೋದರು. ಆ ಮನೆತನಕ್ಕೆ ಧರ್ಮಸಭೆಯೆಂದರೆ ಸ್ವಾತಂತ್ರ್ಯದ ವೈರಿ. ಹೀಗೆ ಎರಡು ಕಡೆಯ ಮನೆಗಳಲ್ಲೂ ನೋವನ್ನು ಬಿಟ್ಟು ಇವರು ರೈಲು ಹತ್ತಿದರು. ಬಿಟ್ಟು ಬಂದವರು ಕ್ಷೇಮವಾಗಿ, ಸಂತೋಷವಾಗಿ ಇದ್ದರೆ ಮನೆಯ ನೆನಪು ಸಿಹಿ. ನಮ್ಮಿಂದಲೇ ನೊಂದು ಕುಳಿತಿದ್ದರೆ ಅದು ಬೇರೆಯೇ ಬಗೆಯ ನೆನಪು.

ಜಾಕ್ ಅವರಿಗೆ ಸಿಕ್ಕಿದ್ದು ಮಿಷೋನಿಸ್ ನಿಧಿಯ ವಿದ್ಯಾರ್ಥಿವೇತನ. ತತ್ತ್ವಶಾಸ್ತ್ರದ ಉನ್ನತ ಪರೀಕ್ಷೆ ಮುಗಿಸಿದ್ದವರು ಈಗ ಜೀವಶಾಸ್ತ್ರ ಕಲಿಯಲು ಹೊರಟಿದ್ದರು. ಕಾರಣವಿಲ್ಲದೆ ಅಲ್ಲ. ಕ್ರೈಸ್ತನಾದ ಮೇಲೆ ತತ್ತ್ವಶಾಸ್ತ್ರವನ್ನು ಬಿಟ್ಟುಬಿಡಬೇಕಾದೀತು, ನಂಬಿಕೆಯೂ ತರ್ಕವೂ ಒಟ್ಟಿಗೆ ಬಾಳಲಾರವು ಎಂಬ ಅಳುಕು ಅವರಲ್ಲಿತ್ತು. ಸತ್ಯಕ್ಕಾಗಿ ಅದನ್ನೂ ಬಿಡಲು ಸಿದ್ಧರಿದ್ದರು. ಹೈಡೆಲ್‌ಬರ್ಗಿನಲ್ಲಿ ಅವರ ಗುರು ಹಾನ್ಸ್ ಡ್ರೀಶ್. ಕಡಲಮುಳ್ಳಿ ಎಂಬ ಸಣ್ಣ ಸಮುದ್ರಜೀವಿಯ ಮೊಟ್ಟೆ ಎರಡು ಕೋಶಗಳಾಗಿ ಒಡೆದ ಹಂತದಲ್ಲಿ ಡ್ರೀಶ್ ಅವೆರಡನ್ನೂ ಬೇರ್ಪಡಿಸಿ ನೋಡಿದ್ದರು. ಅರ್ಧ ಅರ್ಧ ಜೀವಿ ಬೆಳೆಯಬೇಕಿತ್ತಲ್ಲವೇ? ಹಾಗಾಗಲಿಲ್ಲ. ಗಾತ್ರದಲ್ಲಿ ಚಿಕ್ಕದಾದರೂ ಎರಡರಿಂದಲೂ ಇಡಿಯಾದ ಮರಿಗಳೇ ಬೆಳೆದವು. ಜೀವವೆಂಬುದು ಬರಿಯ ಯಂತ್ರವಾಗಿದ್ದರೆ ಇದು ಹೇಗೆ ಸಾಧ್ಯ ಎಂದು ಡ್ರೀಶ್ ಕೇಳುತ್ತಿದ್ದರು. ಅವರು ಕೊಟ್ಟ ಉತ್ತರವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ, ಆದರೆ ಪ್ರಯೋಗ ನಿಂತಿದೆ. ಸೋರ್ಬೋನಿನ ಒಣ ಯಾಂತ್ರಿಕತೆಯಿಂದ ಬಂದ ಜಾಕ್ ಅವರಿಗೆ ಆ ಪ್ರಶ್ನೆಯೇ ಮಳೆ ಬಂದಂತಾಯಿತು.

ಊರು ಸುಂದರ. ನೆಕ್ಕರ್ ನದಿ, ಮೇಲೆ ಕೆಂಪುಕಲ್ಲಿನ ಪಾಳು ಕೋಟೆ, ಸುತ್ತ ಕಾಡಿನ ಗುಡ್ಡಗಳು. 1386ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ. ರಷ್ಯಾದಿಂದ ಬಂದ ವಿದ್ಯಾರ್ಥಿಗಳೂ ಬಹಳವಿದ್ದರು, 1862ರಿಂದಲೇ ಅವರದೊಂದು ವಾಚನಾಲಯವಿತ್ತು. ಪಟ್ಟಣದ ಹೃದಯದಲ್ಲಿರುವ ಪವಿತ್ರಾತ್ಮರ ದೇವಾಲಯದ ಒಳಗೆ ಆಗ ಅಡ್ಡಗೋಡೆಯೊಂದಿತ್ತು. ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಜಗಳವಾಗದಿರಲೆಂದು 1706ರಲ್ಲಿ ಕಟ್ಟಿದ ಗೋಡೆ. ಅದನ್ನು ಶಾಶ್ವತವಾಗಿ ತೆಗೆದದ್ದು 1936ರಲ್ಲಿ. ಯೆಹೂದ್ಯ ಮನೆಯ ಮಗಳು, ಪ್ರೊಟೆಸ್ಟೆಂಟ್ ಮನೆಯ ಮಗ, ಇಬ್ಬರೂ ಹೊಸ ಕಥೋಲಿಕರು. ಅಂಥವರು ಬಾಳಲು ಬಂದ ಊರಿನ ನಡುವೆ ಇಂಥದೊಂದು ಗೋಡೆ!

ಹೊಸ ನಾಡಿನಲ್ಲಿ ಅವರಿಗೆ ಹೆಚ್ಚು ಪರಿಚಯಸ್ಥರಿರಲಿಲ್ಲ. ಅದೇ ಅವರಿಗೆ ಸಿಕ್ಕ ವರ. ಪ್ಯಾರಿಸ್ಸಿನಲ್ಲಿದ್ದಿದ್ದರೆ ದಿನವೂ ಗೆಳೆಯರ ವಾದ, ಮನೆಯವರ ಅಳು. ಇಲ್ಲಿ ಮೌನ. ಪ್ರಾರ್ಥನೆಗೆ ಇಷ್ಟು ಹೊತ್ತು, ಓದಿಗೆ ಇಷ್ಟು ಹೊತ್ತು ಎಂದು ಮನೆಗೊಂದು ಕ್ರಮ ಹಾಕಿಕೊಂಡರು. ಬಲಿಪೂಜೆ, ಸಂತರ ಬರಹಗಳ ಓದು, ಪ್ರಯೋಗಾಲಯದಿಂದ ಗಂಡ ಮರಳಿದ ಮೇಲೆ ಇಬ್ಬರ ಮಾತುಕತೆ. ಸಣ್ಣ ಮಠದಂತಿತ್ತು ಆ ಮನೆ. ಕ್ರೈಸ್ತರಾಗಿ ಬದುಕುವುದನ್ನು ಅವರು ನಿಜವಾಗಿ ಕಲಿತದ್ದು ಅಲ್ಲಿ. ಆ ದಿನಗಳ ಶಾಂತಿಯನ್ನು ರಾಯಿಸ್ಸಾ ಮುಂದೆ ಬಹಳ ಪ್ರೀತಿಯಿಂದ ನೆನೆದರು.

ಆದರೆ ಆರೋಗ್ಯ ಅವರಿಗೆ ಎಂದೂ ಒಲಿದದ್ದಲ್ಲ. ತಮ್ಮ ಓದನ್ನು ಪದವಿಯವರೆಗೆ ಒಯ್ಯಲಾಗದೆ, ಗಂಡನ ಓದಿನ ಜೊತೆಗಾರ್ತಿಯಾಗಿ ಬಂದಿದ್ದವರು ಆಕೆ. ಆ ಅವಧಿಯಲ್ಲೇ ಕಾಯಿಲೆ ಎಷ್ಟು ಬಿಗಡಾಯಿಸಿತೆಂದರೆ ಅಂತ್ಯಾಭ್ಯಂಗ ಸಂಸ್ಕಾರವನ್ನೂ ಕೊಡಬೇಕಾಯಿತು. ಜ್ಞಾನಸ್ನಾನವಾಗಿ ವರ್ಷ ಕಳೆಯುವಷ್ಟರಲ್ಲಿ ಸಾವಿನ ಬಾಗಿಲು! ದೇವರ ದಯೆ, ಚೇತರಿಸಿಕೊಂಡರು. ಅಕ್ಕನ ಆರೈಕೆಗೆಂದು ತಂಗಿ ವೆರಾ ಹೈಡೆಲ್‌ಬರ್ಗಿಗೆ ಬಂದರು. ಬಂದವರು ಮತ್ತೆ ಬೇರೆ ಮನೆ ಮಾಡಲೇ ಇಲ್ಲ. 1959ರ ಕೊನೆಯ ದಿನ ತೀರಿಕೊಳ್ಳುವವರೆಗೆ, ಐವತ್ತು ವರ್ಷಕ್ಕೂ ಮಿಕ್ಕಿ, ಅಡಿಗೆ, ಲೆಕ್ಕ, ಅತಿಥಿಗಳು, ಕಾಗದಪತ್ರ ಎಲ್ಲವನ್ನೂ ಹೊತ್ತುಕೊಂಡು ಆ ದಂಪತಿಗಳ ಜೊತೆಗೇ ಇದ್ದರು. ದೊಡ್ಡವರ ಜೀವನಚರಿತ್ರೆಗಳಲ್ಲಿ ವೆರಾನಂಥವರಿಗೆ ಒಂದು ಸಾಲು ಸಿಗುತ್ತದೆ. ಎರಡು ಸಾಲಾದರೂ ಸಲ್ಲಬೇಕು.

ಆ ಮನೆಯಲ್ಲಿ ಇನ್ನೊಂದು ಅಗಲಿಕೆಯೂ ನಡೆಯಿತು. ತಮ್ಮಿಬ್ಬರ ಪ್ರಾಣ ಉಳಿಸಿದ ಗುರು ಬರ್ಗ್ಸನ್ ಅವರ ವಿಚಾರಗಳೂ ಧರ್ಮಸಭೆಯ ವಿಶ್ವಾಸವೂ ಒಂದಕ್ಕೊಂದು ಹೊಂದುತ್ತಿಲ್ಲವೆಂದು ಜಾಕ್ ಅವರಿಗೆ ನಿಧಾನವಾಗಿ ಮನವರಿಕೆಯಾಯಿತು. ದೇವರು ಮನುಷ್ಯರ ಮಾತಿನಲ್ಲಿ ಸತ್ಯವನ್ನು ತಿಳಿಸಿದ್ದಾನೆ ಎಂದ ಮೇಲೆ ಮನುಷ್ಯರ ಮಾತಿಗೂ ಬುದ್ಧಿಗೂ ಸತ್ಯವನ್ನು ಹಿಡಿಯುವ ಶಕ್ತಿ ಇರಲೇಬೇಕು ಎಂದವರು ಯೋಚಿಸಿದರು. ಪ್ರೀತಿಯ ಗುರುವನ್ನು ಬಿಡುವುದು ಸುಲಭವಲ್ಲ. ಅದೂ ಅವರಿಂದ ದೂರದ ಊರಿನಲ್ಲಿ ಕುಳಿತು. ಆದರೆ ತತ್ತ್ವಶಾಸ್ತ್ರವನ್ನೇ ಬಿಡಬೇಕೆಂದಿದ್ದವರಿಗೆ ಅದು ಮರಳಿ ಸಿಕ್ಕಿದ್ದೂ ಅದೇ ಚಳಿಗಾಲದಲ್ಲಿ.

1908ರಲ್ಲಿ ಪ್ಯಾರಿಸ್ಸಿಗೆ ಮರಳಿದರು. ಕೈಯಲ್ಲಿ ಹೇಳಿಕೊಳ್ಳುವಂಥ ಉದ್ಯೋಗವಿರಲಿಲ್ಲ. ಸರಕಾರಿ ಶಾಲೆಯ ಅಧ್ಯಾಪಕ ಹುದ್ದೆ ಬೇಡವೆಂದು ಜಾಕ್ ಪ್ರಕಾಶಕರೊಬ್ಬರಿಗೆ ನಿಘಂಟು ಸಿದ್ಧಪಡಿಸಿಕೊಡುವ ಕೆಲಸ ಹಿಡಿದರು. ಡೊಮಿನಿಕನ್ ಗುರು ಕ್ಲೆರಿಸ್ಸಾಕ್ ಅವರ ಮಾರ್ಗದರ್ಶನದಲ್ಲಿ ಸಂತ ತೋಮಸ್ ಅಕ್ವಿನಾಸರ ಮಹಾಗ್ರಂಥವನ್ನು ಮೊದಲು ತೆರೆದವರು ಜಾಕ್ ಅಲ್ಲ, ರಾಯಿಸ್ಸಾ. 1909ರಲ್ಲಿ, ಕಾಯಿಲೆಯ ನಡುವೆ. ಓದಿ ಆನಂದಗೊಂಡು ಗಂಡನಿಗೂ ಓದಲು ಹೇಳಿದರು. ಜಾಕ್ ಅದನ್ನು ಕೈಗೆತ್ತಿಕೊಂಡದ್ದು 1910ರಲ್ಲಿ. ಅವರು ಬರೆದ ಹತ್ತಾರು ಗ್ರಂಥಗಳೆಲ್ಲ ಅಲ್ಲಿಂದ ಹೊರಟವು.

ತಂದೆತಾಯಿಯ ವಿಷಯ ಹೇಳದಿದ್ದರೆ ಅಪೂರ್ಣ. ಮಕ್ಕಳು ವಾದಿಸಲಿಲ್ಲ, ದೂರವಾಗಲೂ ಇಲ್ಲ. 1912ರಲ್ಲಿ ತಂದೆ ಮರಣಶಯ್ಯೆಯಲ್ಲಿ ತಾವಾಗಿಯೇ ಜ್ಞಾನಸ್ನಾನ ಪಡೆದರು. ತಾಯಿ ಮತ್ತೆ ಹದಿಮೂರು ವರ್ಷ ಯೋಚಿಸಿ 1925ರಲ್ಲಿ. ಇಷ್ಟಾದರೂ ರಾಯಿಸ್ಸಾ ತಾವು ಹುಟ್ಟಿದ ಜನಾಂಗವನ್ನು ಬಿಟ್ಟುಬಂದೆನೆಂದು ಎಂದೂ ಭಾವಿಸಲಿಲ್ಲ. ಯೇಸುವೂ ಮಾತೆ ಮರಿಯಮ್ಮನವರೂ ಹುಟ್ಟಿದ್ದು ಅದೇ ಜನರಲ್ಲಲ್ಲವೇ!

ದಂಪತಿಗಳಿಗೆ ಮಕ್ಕಳಿರಲಿಲ್ಲ. 1923ರಿಂದ ಪ್ಯಾರಿಸ್ ಬಳಿಯ ಮ್ಯೊದೊನ್‌ನಲ್ಲಿದ್ದ ಅವರ ಮನೆ ಕವಿಗಳು, ಚಿತ್ರಕಾರರು, ವಿದ್ಯಾರ್ಥಿಗಳು, ಸಂದೇಹವಾದಿಗಳು ಎಲ್ಲರಿಗೂ ತೆರೆದಿತ್ತು. ಮನೆಯೊಳಗೇ ಪ್ರಾರ್ಥನಾಮಂದಿರ, ವರ್ಷಕ್ಕೊಮ್ಮೆ ಧ್ಯಾನಕೂಟ. ಹೈಡೆಲ್‌ಬರ್ಗಿನ ಪುಟ್ಟ ಮನೆಯ ಕ್ರಮವೇ ಇಲ್ಲಿ ದೊಡ್ಡದಾಗಿತ್ತು. ಒಮ್ಮೆ ಪರದೇಶದಲ್ಲಿ ಒಂಟಿಯಾಗಿದ್ದವರಿಗೆ ಬಾಗಿಲು ತೆರೆಯುವುದು ಚೆನ್ನಾಗಿ ಗೊತ್ತಿರುತ್ತದೆ.

1940ರ ಜನವರಿಯಲ್ಲಿ ಉಪನ್ಯಾಸಗಳಿಗೆಂದು ಮೂವರೂ ಅಟ್ಲಾಂಟಿಕ್ ದಾಟಿದರು. ಜೂನಿನಲ್ಲಿ ಫ್ರಾನ್ಸ್ ಹಿಟ್ಲರನ ವಶವಾಯಿತು. ಯೆಹೂದ್ಯ ಮೂಲದ ರಾಯಿಸ್ಸಾ ಮತ್ತು ವೆರಾರಿಗೆ ಹಿಂತಿರುಗುವ ಮಾತೇ ಇರಲಿಲ್ಲ. 47 ವರ್ಷ ಹಿಂದೆ ತಂದೆ ಕನಸಿದ್ದ ನ್ಯೂಯಾರ್ಕಿಗೆ ಮಗಳು ಬಂದು ಸೇರಿದ್ದು ಹೀಗೆ, ನಿರಾಶ್ರಿತಳಾಗಿ. ಮೂರನೆಯ ಸಲ ಮನೆ ಕಳೆದುಕೊಂಡಿದ್ದರು. ಪರಿಚಿತರ ಸಾವಿನ ಸುದ್ದಿಗಳು ಬರುತ್ತಿದ್ದವು. ಆಗ ರಾಯಿಸ್ಸಾ ತಮ್ಮ ಗೆಳೆತನಗಳ ಕಥೆಯನ್ನು ಬರೆಯಲು ಕುಳಿತರು. ಎರಡು ಸಂಪುಟಗಳು, 1941 ಮತ್ತು 1944ರಲ್ಲಿ ನ್ಯೂಯಾರ್ಕಿನಲ್ಲೇ ಅಚ್ಚಾದವು. ಸಸ್ಯೋದ್ಯಾನದ ಆ ದಿನ, ಬ್ಲುವಾರ ಮನೆಯ ಬಾಗಿಲು, ಹೈಡೆಲ್‌ಬರ್ಗಿನ ಮೌನ ಇವೆಲ್ಲ ನಮಗೆ ತಿಳಿದಿರುವುದು ಆ ಪುಸ್ತಕಗಳಿಂದಲೇ. ಮನೆಯಲ್ಲೇ ಇದ್ದಿದ್ದರೆ ಬರೆಯುತ್ತಿದ್ದರೋ ಇಲ್ಲವೋ.

ಯುದ್ಧ ಮುಗಿದ ಮೇಲೆ 1945ರಿಂದ 1948ರವರೆಗೆ ಜಾಕ್ ವತಿಕಾನಿನಲ್ಲಿ ಫ್ರಾನ್ಸಿನ ರಾಯಭಾರಿ, ಆಮೇಲೆ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪ್ರಾಧ್ಯಾಪಕ. 1960ರ ಬೇಸಿಗೆಯಲ್ಲಿ ಪ್ಯಾರಿಸ್ಸಿಗೆ ಬಂದಿಳಿದ ಕೂಡಲೇ ರಾಯಿಸ್ಸಾ ಹಾಸಿಗೆ ಹಿಡಿದರು. ಅದೇ ವರ್ಷ ನವೆಂಬರ್ 4ರಂದು ಪ್ರಭುವಿನಲ್ಲಿ ನಿದ್ರಿಸಿದರು. ಆಕೆಯ ದಿನಚರಿಯನ್ನು ಓದಿದ ಮೇಲೆಯೇ ಆ ಮೌನದ ಪ್ರಾರ್ಥನೆಯ ಆಳ ತಿಳಿಯಿತೆಂದು ಜಾಕ್ ಅದನ್ನು ಪ್ರಕಟಿಸಿದರು. 1965ರ ಡಿಸೆಂಬರ್ 8ರಂದು, ಎರಡನೇ ವತಿಕಾನ್ ಮಹಾಸಭೆಯ ಸಮಾರೋಪದಲ್ಲಿ, ಬುದ್ಧಿಜೀವಿಗಳಿಗೆ ಬರೆದ ಸಂದೇಶವನ್ನು ಜಗದ್ಗುರು ಆರನೇ ಪೌಲರು ಜಾಕ್ ಅವರ ಕೈಗೇ ಇತ್ತರು. ಪಕ್ಕದಲ್ಲಿ ರಾಯಿಸ್ಸಾ ಇರಲಿಲ್ಲ. 1970ರಲ್ಲಿ ಜಾಕ್ ಯೇಸುವಿನ ಕಿರಿಯ ಸಹೋದರರ ಸಭೆಯನ್ನು ಸೇರಿದರು, 1973ರ ಏಪ್ರಿಲ್ 28ರಂದು ತೀರಿಕೊಂಡರು.

ರಾಯಿಸ್ಸಾರ ಸಮಾಧಿ ಇರುವುದು ಮರಿಯುಪೋಲಿನಲ್ಲೂ ಅಲ್ಲ, ಪ್ಯಾರಿಸ್ಸಿನಲ್ಲೂ ಅಲ್ಲ. ಅಲ್ಸಾಸ್ ಸೀಮೆಯ ಕೋಲ್ಬ್‌ಸ್‌ಹೈಮ್ ಎಂಬ ಹಳ್ಳಿಯಲ್ಲಿ. ಇಂದು ಅದು ಫ್ರಾನ್ಸ್. 1906ರಲ್ಲಿ ಅವರು ಗಂಟುಮೂಟೆ ಕಟ್ಟಿಕೊಂಡು ಓದಲು ಹೊರಟಾಗ ಆ ಮಣ್ಣು ಜರ್ಮನಿಯದಾಗಿತ್ತು. ಕಲ್ಲಿನ ಮೇಲೆ ದೊಡ್ಡ ಅಕ್ಷರದಲ್ಲಿರುವುದು ರಾಯಿಸ್ಸಾ ಮಾರಿಟೇನ್ ಎಂಬ ಹೆಸರು. ಕೆಳಗೆ ಒಂದು ಮೂಲೆಯಲ್ಲಿ, ಚಿಕ್ಕ ಅಕ್ಷರಗಳಲ್ಲಿ, ಜಾಕ್ ಅವರ ಹೆಸರೂ ಇದೆ.