ಕೋಲನ್ ಹಾಕಿದ ಗಣಿತದ ಮೇಷ್ಟ್ರು

ಆನ್‌ಲೈನ್‌ನಲ್ಲಿ ಮೊಬೈಲ್ ತಗೊಳ್ಳೋಕೆ ಕೂತರೆ ನಾವೆಲ್ಲ ಮೊದಲು ಮಾಡೋದೇನು? ಎಡಗಡೆ ಇರೋ ಫಿಲ್ಟರ್‌ಗೆ ಕೈ ಹಾಕ್ತೀವಿ. ಕಂಪನಿ ಯಾವುದು, ರ‍್ಯಾಮ್ ಎಷ್ಟು, ಬೆಲೆ ಎಷ್ಟರೊಳಗೆ. ನಾಲ್ಕು ಟಿಕ್ ಹಾಕಿದರೆ ಸಾವಿರಾರು ಫೋನು ಕರಗಿ ಹತ್ತಾಗುತ್ತವೆ. ಒಂದು ವಸ್ತುವನ್ನು ಒಂದೇ ಡಬ್ಬಕ್ಕೆ ಹಾಕಿ ಮುಚ್ಚದೆ, ಅದರ ಒಂದೊಂದು ಮುಖವನ್ನೂ ಬೇರೆಬೇರೆಯಾಗಿ ಗುರುತಿಸಿ, ಬೇಕಾದ ಹಾಗೆ ಜೋಡಿಸಿಕೊಳ್ಳೋ ವಿಚಾರ ಇದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಪುಸ್ತಕಗಳಿಗಾಗಿ, ಇದನ್ನು ಒಂದು ಪೂರ್ತಿ ಶಾಸ್ತ್ರವಾಗಿ ಕಟ್ಟಿದವರು ಎಸ್. ಆರ್. ರಂಗನಾಥನ್. ಬದುಕಿನ ಕೊನೆಯ ಹದಿನೈದು ವರ್ಷ ನಮ್ಮ ಬೆಂಗಳೂರಿನಲ್ಲೇ ಇದ್ದವರು. ನಾವು ಓದೋ ಡೇಟಾಬೇಸ್ ಪಾಠದಲ್ಲಿ ಅವರ ಹೆಸರೇ ಇಲ್ಲ. ಇರಬೇಕಿತ್ತು ಅನ್ನೋದು ನಮ್ಮ ತಕರಾರು.

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್‌ನಲ್ಲಿ, ತಂಜಾವೂರು ಸೀಮೆಯ ಶಿಯಾಳಿಯಲ್ಲಿ. ಆರು ವರ್ಷದ ಹುಡುಗನಿದ್ದಾಗಲೇ ತಂದೆ ತೀರಿಕೊಂಡರು. ಮಾತಾಡುವಾಗ ಉಗ್ಗು ಬೇರೆ ಇತ್ತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿ 1916ರಲ್ಲಿ ಎಂ.ಎ. ಮುಗಿಸಿದರು. ಮೇಷ್ಟ್ರಾಗಿ ಮೊದಲ ಕೆಲಸ ಸಿಕ್ಕಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, 1917ರಲ್ಲಿ. ಆಮೇಲೆ ಕೊಯಮತ್ತೂರು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಉಗ್ಗು ಇದ್ದವರು ದಿನಾ ಕ್ಲಾಸ್ ತಗೊಂಡು ಅದನ್ನು ಗೆದ್ದರು ಅನ್ನೋದನ್ನ ಸೆಮಿನಾರ್ ಅಂದರೆ ಬೆವರೋ ನಮ್ಮಂಥವರು ಒಂದು ನಿಮಿಷ ನೆನಪಿಸಿಕೊಳ್ಳಬಹುದು.

1924ರ ಜನವರಿಯಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಆಸೆಯಿಂದಲ್ಲ. ಗಣಿತ ಕಲಿಸೋದರಲ್ಲೇ ಖುಷಿ ಇತ್ತು, ಲೈಬ್ರರಿ ಕೆಲಸದ ಟ್ರೈನಿಂಗ್ ಏನೂ ಇರಲಿಲ್ಲ. ಸಂಬಳ ಜಾಸ್ತಿ ಅಂತ ಹತ್ತಿರದವರು ಒತ್ತಾಯ ಮಾಡಿ ಅರ್ಜಿ ಹಾಕಿಸಿದ್ದರು. ಹೋಗಿ ಕೂತರೆ ಓದೋಕೆ ಬರೋರೇ ಕಮ್ಮಿ, ಮಾತಾಡೋಕೆ ಜನ ಇಲ್ಲ. ಕೆಲವೇ ದಿನಕ್ಕೆ ತಡೆಯಲಾರದೆ ಪ್ರೆಸಿಡೆನ್ಸಿ ಕಾಲೇಜಿಗೆ ವಾಪಸ್ ಓಡಿಬಂದು, ನನ್ನ ಹಳೇ ಕೆಲಸ ನನಗೆ ಕೊಡಿ ಅಂತ ಪ್ರಿನ್ಸಿಪಾಲರನ್ನು ಕೇಳಿಕೊಂಡರು. ಹೇಗೂ ಟ್ರೈನಿಂಗ್‌ಗೆ ಲಂಡನ್‌ಗೆ ಹೋಗೋದಿದೆ, ಹೋಗಿಬಂದ ಮೇಲೂ ಬೇಡ ಅನಿಸಿದರೆ ನೋಡೋಣ ಅಂದರು ಪ್ರಿನ್ಸಿಪಾಲರು.

ಲಂಡನ್‌ನಲ್ಲಿ ಪಾಠಕ್ಕಿಂತ ಹೆಚ್ಚು ಕಲಿಸಿದ್ದು ಅಲ್ಲಿನ ಲೈಬ್ರರಿಗಳು. ನೂರಕ್ಕೂ ಹೆಚ್ಚು ಲೈಬ್ರರಿ ಸುತ್ತಿದರು. ಕಾರ್ಮಿಕರು, ಮಕ್ಕಳು, ಹೆಂಗಸರು ಎಲ್ಲರೂ ಪುಸ್ತಕ ತಗೊಂಡು ಹೋಗೋದನ್ನ ಕಂಡರು. ಇದೇನೂ ಗುಮಾಸ್ತಿಕೆ ಅಲ್ಲ ಅಂತ ಅವರಿಗೆ ಅನಿಸಿದ್ದು ಅಲ್ಲೇ. ಜೊತೆಗೆ ಒಂದು ಗಣಿತದ ಹುಳವೂ ತಲೆ ಹೊಕ್ಕಿತು. ಆಗ ಎಲ್ಲ ಕಡೆ ನಡೀತಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಮಾಂಶ ಪದ್ಧತಿ. ಜ್ಞಾನವನ್ನೆಲ್ಲ ಹತ್ತು ಭಾಗ, ಪ್ರತಿ ಭಾಗ ಮತ್ತೆ ಹತ್ತು, ಹೀಗೆ ಮೊದಲೇ ಬರೆದಿಟ್ಟ ಪಟ್ಟಿ. ಪಟ್ಟಿ ಮಾಡಿದವರಿಗೆ ಹೊಳೆಯದೇ ಇದ್ದ ವಿಷಯದ ಪುಸ್ತಕ ಬಂದರೆ ಎಲ್ಲೋ ಒಂದು ಕಡೆ ತುರುಕಬೇಕು.

ತಿಪಟೂರು ಸೀಮೆಯ ಉದಾಹರಣೆಯಲ್ಲೇ ನೋಡೋಣ. ತಿಪಟೂರು ತಾಲ್ಲೂಕಿನಲ್ಲಿ 2000ರ ದಶಕದಲ್ಲಿ ತೆಂಗಿಗೆ ಬಿದ್ದ ನುಸಿಯನ್ನು ಬೇವಿನ ಎಣ್ಣೆಯಿಂದ ಹತೋಟಿಗೆ ತಂದ ಬಗ್ಗೆ ಒಂದು ಪುಸ್ತಕ ಇದೆ ಅಂದುಕೊಳ್ಳಿ. ಇದನ್ನ ತೆಂಗಿನ ಸಾಲಿನಲ್ಲಿ ಇಡಬೇಕಾ, ಕೀಟಗಳ ಸಾಲಿನಲ್ಲಾ, ಬೇವಿನ ಹತ್ತಿರಾನಾ, ತುಮಕೂರು ಜಿಲ್ಲೆಯ ಪುಸ್ತಕಗಳ ಜೊತೆಗಾ? ಎಲ್ಲಿಟ್ಟರೂ ಉಳಿದ ಮೂರು ಕಡೆಯಿಂದ ಹುಡುಕಿಕೊಂಡು ಬಂದವರಿಗೆ ಸಿಗಲ್ಲ. ಚಿಕ್ಕನಾಯಕನಹಳ್ಳಿಯಲ್ಲಿ ತೋಟ ಮಾಡೋರು ಕೇಳೋದು ನುಸಿಗೆ ಔಷಧಿ ಅಂತ, ಕೃಷಿ ವಿಶ್ವವಿದ್ಯಾಲಯದವರು ಕೇಳೋದು ಕೀಟದ ಹೆಸರಲ್ಲಿ.

ಲಂಡನ್ನಿನ ಸೆಲ್ಫ್ರಿಜಸ್ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ಇಟ್ಟಿದ್ದರು. ಅದೇ ಪಟ್ಟಿ, ಅದೇ ಬೋಲ್ಟು ನಟ್ಟು; ಮಾರೋನು ಒಂದು ಸಲ ಒಂದು ಆಟಿಕೆ ಮಾಡಿ, ಬಿಚ್ಚಿ, ಅದೇ ತುಂಡುಗಳಿಂದ ಇನ್ನೊಂದನ್ನ ಮಾಡಿ ತೋರಿಸುತ್ತಿದ್ದ. ರಂಗನಾಥನ್ ಅವರಿಗೆ ದಾರಿ ಕಂಡಿದ್ದು ಅಲ್ಲಿ. ರೆಡಿಮೇಡ್ ನಂಬರ್ ಪಟ್ಟಿ ಯಾಕೆ ಬೇಕು? ಬಿಡಿ ತುಂಡುಗಳನ್ನು ಕೊಟ್ಟರೆ ಸಾಕು, ಪುಸ್ತಕ ಬಂದಾಗ ಜೋಡಿಸಿಕೊಂಡರಾಯಿತು. ಜೋಡಿಸೋಕೆ ನಟ್ಟು ಬೋಲ್ಟಿನ ಬದಲು ಕೋಲನ್ ಚಿಹ್ನೆ, ಅಂದರೆ ಮೇಲೊಂದು ಕೆಳಗೊಂದು ಚುಕ್ಕಿ. 1933ರಲ್ಲಿ ಅಚ್ಚಾದ ಆ ಪದ್ಧತಿಗೆ ಕೋಲನ್ ವರ್ಗೀಕರಣ ಅಂತಲೇ ಹೆಸರು. ಮುಂದೆ ಅವರು ಈ ತುಂಡುಗಳನ್ನು ಐದು ಜಾತಿ ಮಾಡಿದರು: ವಿಷಯದ ಜೀವಾಳ ಯಾವುದು, ಸಾಮಗ್ರಿ ಏನು, ಕ್ರಿಯೆ ಏನು, ಎಲ್ಲಿ, ಯಾವಾಗ. ನಮ್ಮ ಪುಸ್ತಕದಲ್ಲಿ ಜೀವಾಳ ತೆಂಗು, ಸಾಮಗ್ರಿ ಬೇವಿನ ಎಣ್ಣೆ, ಕ್ರಿಯೆ ನುಸಿ ಹತೋಟಿ, ಜಾಗ ತಿಪಟೂರು, ಕಾಲ 2000ರ ದಶಕ. ಐದು ಕಾಲಂ ಇರೋ ಟೇಬಲ್ ಥರ ಕಾಣ್ತಿದೆ ಅಲ್ವಾ? ನಮಗೂ ಹಾಗೇ ಕಂಡಿದ್ದು.

1925ರಲ್ಲಿ ವಾಪಸ್ ಬಂದವರು ಮತ್ತೆ ಗಣಿತದ ಮಾತೆತ್ತಲಿಲ್ಲ. ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು, ಲೈಬ್ರರಿ ಸಮಯ ಹೆಚ್ಚಿಸಿದರು. ರಜ ಅನ್ನೋದೇ ಇರಲಿಲ್ಲ, ಮದುವೆ ದಿನವೂ ಕೆಲಸಕ್ಕೆ ಬಂದಿದ್ದರು ಅಂತ ಹೇಳ್ತಾರೆ. (ಮನೆಯವರ ಕಷ್ಟ ಕೇಳಿದವರು ಯಾರು ಅನ್ನೋ ಪ್ರಶ್ನೆ ನಮಗೂ ಬಂತು.) 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳ ಪುಸ್ತಕ ಬಂತು. ಸಾರ ಸರಳ: ಪುಸ್ತಕ ಇರೋದು ಬಳಸೋಕೆ, ಬೀಗ ಹಾಕಿಡೋಕಲ್ಲ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಟೈಮ್ ಹಾಳು ಮಾಡಬಾರದು, ಲೈಬ್ರರಿ ಬೆಳೀತಾ ಇರೋ ಜೀವ. ಅದೇ ವರ್ಷ ಮನ್ನಾರ್ಗುಡಿ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯ ಮೇಲೆ ಲೈಬ್ರರಿ ಹೊರಟಾಗ ಅದನ್ನು ಉದ್ಘಾಟಿಸಿದವರೂ ಇವರೇ.

1934ರಲ್ಲಿ ಕ್ಯಾಟಲಾಗ್ ಮಾಡೋ ನಿಯಮಗಳ ಪುಸ್ತಕ ತಂದರು. ಇದರ ಬಗ್ಗೆ ಜನ ಕಮ್ಮಿ ಮಾತಾಡ್ತಾರೆ, ನಮಗೆ ಮಾತ್ರ ಇದೇ ಹತ್ತಿರ. ಯುರೋಪಿನಲ್ಲಿ ಕೊನೆಯ ಹೆಸರು ಮನೆತನದ್ದು. ನಮ್ಮಲ್ಲಿ ಹಾಗಿಲ್ಲವಲ್ಲ. ಶಿಯಾಳಿ ರಾಮಾಮೃತ ರಂಗನಾಥನ್: ಊರು, ತಂದೆ, ತನ್ನ ಹೆಸರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ನಮ್ಮ ತೀ.ನಂ.ಶ್ರೀ. ಹೆಸರೂ ಅದೇ ಅಚ್ಚಿನದು: ತೀರ್ಥಪುರ, ನಂಜುಂಡಯ್ಯ, ಶ್ರೀಕಂಠಯ್ಯ. ಭಾರತೀಯ ಹೆಸರುಗಳಿಗೆ ಬೇರೆ ನಿಯಮ ಬೇಕು ಅಂತ ರಂಗನಾಥನ್ ಹಟ ಹಿಡಿದದ್ದು ಇದಕ್ಕೇ. ಇವತ್ತು ನೆಟ್‌ನಲ್ಲಿ ತೀ.ನಂ.ಶ್ರೀ. ಪುಸ್ತಕ ಹುಡುಕಿದರೆ ಒಂದು ಕಡೆ ಶ್ರೀಕಂಠಯ್ಯ, ಇನ್ನೊಂದು ಕಡೆ ಬರೀ ಇನಿಶಿಯಲ್, ಇಂಗ್ಲಿಷ್‌ನಲ್ಲಿ ಎರಡು ಮೂರು ಸ್ಪೆಲಿಂಗ್. ಮನುಷ್ಯ ಒಬ್ಬರೇ ಅಂತ ಕಂಪ್ಯೂಟರ್‌ಗೆ ಯಾರಾದರೂ ಹೇಳಬೇಕು.

1945ರಲ್ಲಿ ಮದ್ರಾಸ್ ಬಿಟ್ಟು ಬನಾರಸ್‌ಗೆ ಹೋದರು. ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೊಬ್ಬರೇ ವರ್ಗೀಕರಿಸಿದರಂತೆ. ನಂತರ ದೆಹಲಿ, ಜ್ಯೂರಿಕ್. 1957ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಬೆಂಗಳೂರಿಗೆ ಬಂದು ನೆಲೆಸಿದರು. ಅದಕ್ಕೂ ಮೊದಲೇ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೆಂಡತಿ ಶಾರದಾ ಅವರ ಹೆಸರೂ ಸೇರಿದ ಪೀಠಕ್ಕಾಗಿ ಕೊಟ್ಟುಬಿಟ್ಟಿದ್ದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಅನ್ನೋ ಸಂಶೋಧನಾ ಕೇಂದ್ರ ಶುರು ಮಾಡಿದಾಗ ವಯಸ್ಸು ಎಪ್ಪತ್ತು. 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಕೋಲನ್ ಪದ್ಧತಿಯ ಏಳನೇ ಆವೃತ್ತಿ ಅಚ್ಚಾಗಿದ್ದು ಅವರು ಹೋದ ಹದಿನೈದು ವರ್ಷಕ್ಕೆ, 1987ರಲ್ಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೋಲನ್ ನಂಬರ್‌ಗಳು ಗೆಲ್ಲಲಿಲ್ಲ. ನಮ್ಮ ದೇಶದಲ್ಲೂ ಬಹಳಷ್ಟು ಲೈಬ್ರರಿಗಳು ಇವತ್ತಿಗೂ ಡ್ಯೂಯಿ ಪದ್ಧತಿಯನ್ನೇ ಇಟ್ಟುಕೊಂಡಿವೆ. ಅಕ್ಷರ, ಅಂಕಿ, ಚುಕ್ಕಿ, ಅಲ್ಪವಿರಾಮ ಎಲ್ಲ ಸೇರಿದ ಆ ನಂಬರನ್ನು ಪುಸ್ತಕದ ಬೆನ್ನಿಗೆ ಬರೆದು ಕಪಾಟಿನಲ್ಲಿ ಜೋಡಿಸೋದು ತಲೆನೋವೇ. ಕಪಾಟಿಗೆ ಒಂದೇ ಸಾಲು. ಪುಸ್ತಕ ಒಂದೇ ಕಡೆ ನಿಲ್ಲಬೇಕು. ಗೆದ್ದಿದ್ದು ವಿಚಾರ. 1952ರಲ್ಲಿ ಲಂಡನ್‌ನಲ್ಲಿ ಸೇರಿದ ವರ್ಗೀಕರಣ ಸಂಶೋಧಕರ ಗುಂಪು ಅದನ್ನು ಎತ್ತಿಕೊಂಡಿತು. ಕಪಾಟು ಹೋಗಿ ಸ್ಕ್ರೀನ್ ಬಂದಾಗ ಅದಕ್ಕೆ ಕೈಕಾಲು ಬಂತು. 2001ರಲ್ಲಿ ಟಿಮ್ ಬರ್ನರ್ಸ್-ಲೀ ಮತ್ತು ಜೊತೆಗಾರರು ಸೆಮ್ಯಾಂಟಿಕ್ ವೆಬ್ ಬಗ್ಗೆ ಬರೆದರು: ಪುಟದಲ್ಲಿರೋ ಅಕ್ಷರವಷ್ಟೇ ಅಲ್ಲ, ಅದರ ಅರ್ಥವೂ ಕಂಪ್ಯೂಟರ್‌ಗೆ ಗೊತ್ತಾಗಬೇಕು ಅಂತ. 2009ರಲ್ಲಿ ಡಬ್ಲ್ಯು3ಸಿ ಸ್ಕಾಸ್ ಅನ್ನೋ ಮಾನದಂಡ ತಂದಿತು. ಅದರಲ್ಲಿ ಒಂದು ಪರಿಕಲ್ಪನೆಗೆ ಒಂದು ಗುರುತು ಕೊಟ್ಟು, ಅದಕ್ಕಿರೋ ಎಲ್ಲ ಹೆಸರನ್ನೂ ಕಟ್ಟಿಹಾಕಬಹುದು. ಅದು ಯಾವುದರ ಒಳಗೆ ಬರುತ್ತೆ, ಯಾವುದಕ್ಕೆ ಸಂಬಂಧ ಅಂತಾನೂ ಹೇಳಬಹುದು. ನಾವು ನೋಟ್ಸ್‌ಗೆ ಜಾಲಾಡೋ ರಾಷ್ಟ್ರೀಯ ಡಿಜಿಟಲ್ ಲೈಬ್ರರಿಯಲ್ಲಿ ವಿಷಯ, ಭಾಷೆ, ಓದಿನ ಹಂತ ಅಂತ ಫಿಲ್ಟರ್ ಇರೋದೂ ಇದೇ ದಾರಿಯಲ್ಲಿ.

ಕನ್ನಡದ ಕಥೆ ಬೇರೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಹಳೇ ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಆದರೆ ಹೆಸರು ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರದಲ್ಲಿ, ಅದೂ ಕೈಗೆ ಬಂದ ಸ್ಪೆಲಿಂಗ್‌ನಲ್ಲಿ. ಪುಸ್ತಕ ಇದೆ, ಕನ್ನಡದಲ್ಲಿ ಹುಡುಕಿದರೆ ಇಲ್ಲ. ಸಂಚಯದ ಸ್ವಯಂಸೇವಕರು ಕೂತು ಒಂದೊಂದೇ ಹೆಸರನ್ನು ಕನ್ನಡ ಲಿಪಿಗೆ ತಂದು ಹುಡುಕೋ ಹಾಗೆ ಮಾಡಿದರು. ಅದು ಹೆಸರಿನ ಮಟ್ಟಕ್ಕಾಯಿತು. ಒಳಗಿನ ವಿಷಯಕ್ಕೆ ಗುರುತು ಹಾಕೋದು ಬಾಕಿ ಇದೆ.

ಅದಕ್ಕೆ ನಮ್ಮ ಕನ್ನಡ ಸಂಘದಲ್ಲಿ ಈ ಸೆಮ್ ತೆಂಗಿನ ಪದಗಳನ್ನು ಒಂದು ಶೀಟ್‌ಗೆ ಹಾಕ್ತಿದ್ದೀವಿ. ಸುಲಭ ಅಂದುಕೊಂಡು ಶುರು ಮಾಡಿದ್ದು. ಕರಟ, ಚಿಪ್ಪು ಎರಡೂ ಒಂದೇ, ಒಂದು ಗುರುತು ಸಾಕು. ನುಸಿ ರೋಗ ಅಂತ ಊರಲ್ಲಿ ಅಂದರೂ ಅದು ರೋಗ ಅಲ್ಲ, ಪೀಡೆ. ಆದರೆ ಊರಿನ ಹೆಸರು ತೆಗೆದುಹಾಕಿದರೆ ತೋಟದವರಿಗೆ ಸಿಗಲ್ಲ, ಎರಡನ್ನೂ ಇಟ್ಟೆವು. ಹೊಂಬಾಳೆ, ಎಳನೀರು, ಉಂಡೆ ಕೊಬ್ಬರಿಗೆ ತಕರಾರಿಲ್ಲ. ಸಿಕ್ಕಿಹಾಕಿಕೊಂಡಿದ್ದು ಮಟ್ಟೆಯಲ್ಲಿ. ಕಾಯಿ ಸುಲಿದಾಗ ಬರೋದೂ ಮಟ್ಟೆ, ಮರದಿಂದ ಗರಿ ಸಮೇತ ಬೀಳೋದೂ ಮಟ್ಟೆ. ಎರಡು ಗುರುತು ಬೇಕು ಅಂತ ಎಲ್ಲರೂ ಒಪ್ಪಿದ್ದಾಯ್ತು, ಯಾವುದಕ್ಕೆ ಬರೀ ಮಟ್ಟೆ ಅಂತ ಬರೀಬೇಕು ಅನ್ನೋದರಲ್ಲಿ ತುರುವೇಕೆರೆಯವರೂ ತಿಪಟೂರಿನವರೂ ಇನ್ನೂ ಒಂದು ಮಾತಿಗೆ ಬಂದಿಲ್ಲ.